ಸ್ಟಾರ್ಟ್‌ಅಪ್ ಸೌಂಡಿಗೆ ಟಿಕ್ ಬಾಕ್ಸ್ ಇದೆ ಸರಿ, ವಾಲ್ಯೂಮ್ ಎಲ್ರೀ?

ರಾತ್ರಿ ಎರಡೂವರೆ. ಬೆಳಿಗ್ಗೆ ಕಳಿಸ್ಬೇಕಿದ್ದ ಒಂದು ಫೈಲು ನೆನಪಾಗಿ ಎದ್ದು ಬಂದೆ. ಲೈಟ್ ಕೂಡ ಹಾಕಿರ್ಲಿಲ್ಲ, ಕಳ್ಳನ ತರ ಕಾಲ್ತುದೀಲಿ ನಡ್ಕೊಂಡು ಬಂದು ಡೆಸ್ಕ್‌ಟಾಪ್ ಬಟನ್ ಒತ್ತಿದ್ದೆ ಅಷ್ಟೇ, ಯಾಕಂದ್ರೆ ಪಕ್ಕದ ರೂಮಲ್ಲಿ ಅಕ್ಕನ ಮಗು ಆಗ್ತಾನೆ ನಿದ್ದೆ ಹೋಗಿತ್ತು. ಸಂಜೆ ಸಿನಿಮಾ ನೋಡುವಾಗ ವಾಲ್ಯೂಮ್ ನೂರಕ್ಕೆ ಏರಿಸಿ ಹಂಗೇ ಶಟ್‌ಡೌನ್ ಮಾಡಿದ್ದು ಯಾರಿಗೆ ನೆನಪಿರುತ್ತೆ? ಕಂಪ್ಯೂಟರಿಗೆ ನೆನಪಿತ್ತು. ಬಡೀತು ನೋಡಿ ಸ್ಟಾರ್ಟ್‌ಅಪ್ ಸೌಂಡು, ಜೀವ ಬಾಯಿಗೆ ಬಂತು, ಸ್ಪೀಕರ್ ಮೇಲೆ ದಿಂಬು ಅದುಮಿ ಹಿಡ್ಕೊಂಡೆ, ಅಷ್ಟರಲ್ಲಿ ಸೌಂಡ್ ಮುಗ್ದೇ ಹೋಗಿತ್ತು, ಮಗು ಶುರು ಮಾಡ್ತು. ಅಕ್ಕ ಬಾಗಿಲಲ್ಲಿ ನಿಂತು ಏನೂ ಮಾತಾಡ್ಲಿಲ್ಲ, ಸುಮ್ನೆ ನೋಡಿದ್ಲು. ಬೈದಿದ್ರೆ ವಾಸಿ ಇತ್ತು.

ಅದು ಯಾವ ಕಂಪನಿ ಮಷೀನು ಅಂತ ಇಲ್ಲಿ ಹೇಳಲ್ಲ, ಮನೇಲಿ ಮೂರು ತರದ ಸಿಸ್ಟಮ್ಮೂ ಇವೆ, ವಾಲ್ಯೂಮ್ ಏರಿಸಿಟ್ಟಿದ್ದು ನಾನೇ. ಆದ್ರೆ ಆವತ್ತಿಂದ ಒಂದೇ ಹಠ ಹಿಡಿದು ವಿಂಡೋಸು, ಮ್ಯಾಕು, ಲಿನಕ್ಸು ಮೂರರಲ್ಲೂ ಈ ಸೌಂಡನ್ನ ಹೆಂಗೆ ಹಿಡಿತಕ್ಕೆ ತರೋದು ಅಂತ ಕೂತು ನೋಡಿದೀನಿ, ಅದರದ್ದೇ ಈ ರಿವ್ಯೂ. ನನಗೆ ಬೇಕಿದ್ದಿದ್ದು ಸೌಂಡ್ ಪೂರ್ತಿ ಬಂದ್ ಮಾಡೋದಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ನನಗೆ ಆ ಸೌಂಡ್ ಇಷ್ಟ, ಮೆಲ್ಲಗೆ ಬರ್ಲಿ ಅಷ್ಟೇ. ಬೇರೆ ವಾಲ್ಯೂಮ್ ಎಷ್ಟೇ ಇರ್ಲಿ, ಇದು ಮಾತ್ರ ಯಾವಾಗ್ಲೂ ಹತ್ತು ಪರ್ಸೆಂಟ್ ಇರ್ಲಿ ಅಂದ್ರೆ ಅದೇನು ದೊಡ್ಡ ಆಸೆನಾ?

ದೊಡ್ಡದೇ ಅಂತೆ.

ವಿಂಡೋಸಿಂದ ಶುರು ಮಾಡೋಣ. ಸೆಟ್ಟಿಂಗ್ಸ್‌ಗೆ ಹೋಗಿ, ಪರ್ಸನಲೈಸೇಶನ್, ಥೀಮ್ಸ್, ಸೌಂಡ್ಸ್ ಅಂತ ಒಳಗೊಳಗೆ ಇಳಿದ್ರೆ ಹಳೇ ಕಾಲದ ಒಂದು ಪುಟಾಣಿ ಡಬ್ಬಿ ತೆರ್ಕೊಳುತ್ತೆ, ಅದರಲ್ಲಿ ಕೆಳಗಡೆ 'ಪ್ಲೇ ವಿಂಡೋಸ್ ಸ್ಟಾರ್ಟ್‌ಅಪ್ ಸೌಂಡ್' ಅಂತ ಒಂದು ಟಿಕ್ ಬಾಕ್ಸ್. ಟಿಕ್ ತೆಗೆದ್ರೆ ಸೌಂಡ್ ಇಲ್ಲ, ಹಾಕಿದ್ರೆ ಇದೆ, ಮಧ್ಯದಲ್ಲಿ ಇನ್ನೇನೂ ಇಲ್ಲ, ನೆಗಡಿ ಬಂತು ಅಂದ್ರೆ ಮೂಗು ಕೊಯ್ಕೊ ಅನ್ನೋ ಲೆಕ್ಕ. ಮೇಲ್ಗಡೆ 'ನೋ ಸೌಂಡ್ಸ್' ಅಂತ ಒಂದು ಸ್ಕೀಮ್, ಅಂದ್ರೆ ಸೌಂಡುಗಳ ಸೆಟ್, ಇರುತ್ತೆ, ಅದನ್ನ ಆರಿಸಿಬಿಟ್ರೆ ಎಲ್ಲಾ ಮುಗೀತು ಅಂತ ನಂಬಿ ಕೂರಬೇಡಿ, ಈ ಟಿಕ್ ಅದಕ್ಕಿಂತ ಬೇರೆ. ಸ್ಕೀಮು ಲಾಗಿನ್ ಆದ ಯೂಸರಿಗೆ ಸೇರಿದ್ದು, ಸ್ಟಾರ್ಟ್‌ಅಪ್ ಸೌಂಡ್ ಬರೋದು ಯಾರೂ ಲಾಗಿನ್ ಆಗೋಕೆ ಮುಂಚೆ, ಹಾಗಾಗಿ ಅದು ಇಡೀ ಮಷೀನಿಗೇ ಒಂದು.

ಹಳೇ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಂದು ಸುಖ ಇತ್ತು ನೋಡಿ. ಸ್ಟಾರ್ಟ್‌ಅಪ್ ಸೌಂಡು ಮೀಡಿಯಾ ಫೋಲ್ಡರಲ್ಲಿ ಒಂದು ಮಾಮೂಲಿ ವೇವ್ ಫೈಲ್ ಆಗಿರ್ತಿತ್ತು, ಕಂಟ್ರೋಲ್ ಪ್ಯಾನಲ್ಲಿಂದ ನಮಗೆ ಬೇಕಾದ ಫೈಲ್ ಕೊಡ್ಬಹುದಿತ್ತು. ಅದೇ ಫೈಲನ್ನ ಆಡಾಸಿಟಿ ಅನ್ನೋ ಸೌಂಡ್ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ತೆಗೆದು ಆಂಪ್ಲಿಫೈ ಎಫೆಕ್ಟಲ್ಲಿ ಮೈನಸ್ 20 ಡೆಸಿಬಲ್ ಅಂತ ಹಾಕಿ ಸೇವ್ ಮಾಡಿದ್ರೆ ಕೆಲಸ ಆಯ್ತು, ಮೈನಸ್ 20 ಅಂದ್ರೆ ಸದ್ದಿನ ಅಲೆಯ ಎತ್ತರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ, ಸಿಸ್ಟಮ್ ವಾಲ್ಯೂಮ್ ಏರಿದ್ರೂ ಇದು ಮಾತ್ರ ತಗ್ಗಿದ ದನಿಯಲ್ಲೇ ಬರುತ್ತೆ. ಅದರ ಮುಂದಿನ ವಿಂಡೋಸ್ ವಿಸ್ಟಾದಿಂದ ಈಚೆಗೆ ಆ ಸೌಂಡನ್ನ ಇಮೇಜ್‌ರೆಸ್ ಅನ್ನೋ ಡಿಎಲ್‌ಎಲ್, ಅಂದ್ರೆ ಸಿಸ್ಟಮ್ಮಿನದೇ ಒಂದು ಫೈಲಿನ ಹೊಟ್ಟೆಯೊಳಗೆ ಹಾಕ್ಬಿಟ್ರು. ಅದನ್ನ ಬಗೆದು ಸೌಂಡ್ ಬದಲಾಯಿಸೋ ಶೂರರು ಇದಾರೆ, ಆದ್ರೆ ಒಂದು ಸೌಂಡಿಗೋಸ್ಕರ ಸಿಸ್ಟಮ್ ಫೈಲಿಗೆ ಕೈ ಹಾಕೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ, ನಾನು ಆ ದಾರಿ ಹಿಡೀಲಿಲ್ಲ, ನೀವೂ ಬೇಡ.

2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್‌ಅಪ್ ಸೌಂಡ್ ಡೀಫಾಲ್ಟಾಗಿ ಆಫ್ ಇತ್ತು, ಹತ್ತರಲ್ಲೂ ಹಂಗೇ, ಜನ ಮರ್ತೇ ಹೋಗಿದ್ರು. 2021ರಲ್ಲಿ ವಿಂಡೋಸ್ 11 ಬಂದಾಗ ಮತ್ತೆ ಆನ್ ಮಾಡಿ ಕೊಟ್ರು, ಅದಕ್ಕೇ ಅಪ್‌ಗ್ರೇಡ್ ಆದವರು ಮೊದಲ ದಿನ ಬೆಚ್ಚಿಬಿದ್ದಿದ್ದು. ಆ ಹೊಸ ಸೌಂಡು ಮಾತ್ರ ಚೆನ್ನಾಗಿದೆ, ಚಿಕ್ಕದು, ಮೆದು, ಕಿವೀಲಿ ನೀರು ಬಿಟ್ಟ ಹಾಗಿದೆ. ಆದ್ರೆ ಮೆದು ಸೌಂಡನ್ನೂ ಇಪ್ಪತ್ತು ವಾಟ್ ಸ್ಪೀಕರಿಗೆ ಫುಲ್ ಕೊಟ್ರೆ ಅದು ಮೆದುವಾಗಿ ಉಳಿಯಲ್ಲ ಸ್ವಾಮಿ.

ಇನ್ನೊಂದು ಕಿತಾಪತಿ. ವಿಂಡೋಸು ಒಂದೊಂದು ಔಟ್‌ಪುಟ್‌ಗೂ ಬೇರೆ ಬೇರೆ ವಾಲ್ಯೂಮ್ ನೆನಪಿಟ್ಕೊಳುತ್ತೆ. ಹೆಡ್‌ಫೋನಿಗೆ 30 ಇಟ್ಟು ಹಾಯಾಗಿದೀನಿ ಅಂದ್ಕೊಂಡು ಶಟ್‌ಡೌನ್ ಮಾಡ್ತೀರಾ, ಆಮೇಲೆ ಹೆಡ್‌ಫೋನ್ ಕಿತ್ತು ಬ್ಯಾಗಿಗೆ ಹಾಕ್ತೀರಾ, ಮಾರನೇ ದಿನ ಆನ್ ಮಾಡಿದ್ರೆ ಸೌಂಡ್ ಸ್ಪೀಕರಿಗೆ ಹೋಗುತ್ತೆ, ಸ್ಪೀಕರಿಂದು ಹೋದ ವಾರ ನೀವು ಬಿಟ್ಟಿದ್ದ 100ರಲ್ಲೇ ಕೂತಿರುತ್ತೆ. ಮೀಟಿಂಗಲ್ಲಿ ಮಾನ ಹೋಗೋದು ಹಿಂಗೇ.

ಈಗ ಮ್ಯಾಕು. ಇಲ್ಲಿ ಕಥೆ ಸ್ವಲ್ಪ ದೊಡ್ಡದು, ನನಗೆ ಇಷ್ಟ ಆದ ಕಥೇನೂ ಹೌದು. ಆ 'ಬೊಂಂಂ' ಅನ್ನೋ ಸ್ವರ ಇದ್ಯಲ್ಲ, ಅದರ ಮೂಲ ರೂಪ 1991ರ ಕ್ವಾಡ್ರಾ ಮಷೀನಲ್ಲಿ ಬಂದಿದ್ದು, ಮಾಡಿದ್ದು ಜಿಮ್ ರೀಕ್ಸ್ ಅನ್ನೋ ಆಪಲ್ ಇಂಜಿನಿಯರ್. ಮನೆಯ ಸ್ಟುಡಿಯೋದಲ್ಲಿ ಕೊರ್ಗ್ ವೇವ್‌ಸ್ಟೇಶನ್ ಕೀಬೋರ್ಡ್ ಮೇಲೆ ಎರಡೂ ಕೈ ಅಗಲಿಸಿ ಒಂದು ಸಿ ಮೇಜರ್ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ನುಡಿಸಿದ್ದು ಅಷ್ಟೇ. ಆಗೆಲ್ಲಾ ಮಷೀನು ಪದೇ ಪದೇ ಕ್ರ್ಯಾಶ್ ಆಗ್ತಿತ್ತು, ರೀಸ್ಟಾರ್ಟ್ ಆದಾಗೆಲ್ಲ ಕೇಳೋ ಸದ್ದು ಕಿವಿಗೆ ಹಿತವಾಗಿರ್ಲಿ, ಮನಸ್ಸು ತಣ್ಣಗಾಗ್ಲಿ ಅಂತ ಮಾಡಿದ್ದಂತೆ. ಕೆಲಸ ಹಾಳಾಗಿ ತಲೆ ಕೆಟ್ಟವನಿಗೆ ಸಮಾಧಾನ ಹೇಳೋ ಸ್ವರ ಅದು! ಜೊತೆಗೆ ಅದಕ್ಕೊಂದು ಅರ್ಥಾನೂ ಇತ್ತು, ಹಾರ್ಡ್‌ವೇರ್ ಟೆಸ್ಟ್ ಪಾಸ್ ಆಗಿದೆ ಅಂತ. ಕೆಲವು ಹಳೇ ಮ್ಯಾಕ್‌ಗಳಲ್ಲಿ ಟೆಸ್ಟ್ ಫೇಲ್ ಆದ್ರೆ ಕಾರು ಗುದ್ದಿ ಗಾಜು ಒಡೆದ ಸದ್ದು ಬರ್ತಿತ್ತು, ಅದನ್ನ ರಾತ್ರಿ ಎರಡೂವರೆಗೆ ಕೇಳಿದವನ ಗತಿ ಏನು ಅಂತ ಯೋಚ್ನೆ ಮಾಡಿ.

ಈ ಸೌಂಡನ್ನ ನುಡಿಸೋದು ಆಪರೇಟಿಂಗ್ ಸಿಸ್ಟಮ್ ಅಲ್ಲ, ಫರ್ಮ್‌ವೇರು, ಅಂದ್ರೆ ಮಷೀನಿನ ಚಿಪ್ಪಲ್ಲೇ ಕೂತಿರೋ ಸಾಫ್ಟ್‌ವೇರು, ಇಡೀ ತಕರಾರಿನ ಬೇರು ಇಲ್ಲೇ ಇರೋದು. ಬಟನ್ ಒತ್ತಿದ ಮೇಲೆ ಸಿಸ್ಟಮ್ ಇನ್ನೂ ಡಿಸ್ಕಿಂದ ಎದ್ದೇ ಇರಲ್ಲ, ನಿಮ್ಮ ಸೆಟ್ಟಿಂಗ್ಸ್ ಓದೋರು ಯಾರೂ ಇಲ್ಲ, ಹಾಗಿದ್ರೆ ವಾಲ್ಯೂಮ್ ಎಷ್ಟು ಅಂತ ಅದಕ್ಕೆ ಹೇಳೋದು ಯಾರು? ಅದಕ್ಕೆ ಎನ್‌ವಿರ್ಯಾಮ್ ಅಂತ, ಕರೆಂಟ್ ಹೋದ್ರೂ ಮರೆಯದ ಒಂದು ಚೂರು ಮೆಮೊರಿ. ಹಳೇ ಮ್ಯಾಕ್‌ಗಳಲ್ಲಿ ಸಿಸ್ಟಮ್ ಆಡಿಯೋ ವಾಲ್ಯೂಮ್ ಅನ್ನೋ ಹೆಸರಲ್ಲಿ ಕೊನೇ ಸಲದ ವಾಲ್ಯೂಮು ಅಲ್ಲಿ ಬರ್ದಿರುತ್ತೆ, ಮಾರನೇ ದಿನ ಫರ್ಮ್‌ವೇರ್ ಅದನ್ನೇ ಓದಿ ಬಾರಿಸುತ್ತೆ. ಅಂದ್ರೆ ಬೆಳಿಗ್ಗೆ ಆನ್ ಮಾಡೋ ನನಗೆ ನಿನ್ನೆ ರಾತ್ರಿ ಆಫ್ ಮಾಡಿದ ನಾನೇ ಶತ್ರು. ಪಿ, ಆರ್ ಸೇರಿಸಿ ನಾಕು ಕೀ ಒತ್ತಿ ಎನ್‌ವಿರ್ಯಾಮ್ ರೀಸೆಟ್ ಮಾಡ್ತಾರಲ್ಲ, ಅದನ್ನ ಮಾಡಿದ್ರೆ ಈ ಲೆಕ್ಕನೂ ಅಳ್ಸಿಹೋಗುತ್ತೆ, ಮತ್ತೆ ಮೊದಲಿನ ಜೋರು.

ಹಳೇ ಮ್ಯಾಕ್‌ಗಳಿಗೆ ಸ್ಟಾರ್ಟ್‌ಅಪ್‌ಸೌಂಡ್ ಪ್ರೆಫ್‌ಪೇನ್ ಅಂತ ಒಂದು ಪುಟ್ಟ ಫ್ರೀ ಸಾಫ್ಟ್‌ವೇರ್ ಇತ್ತು. ಸಿಸ್ಟಮ್ ಪ್ರಿಫರೆನ್ಸಸ್ ಒಳಗೇ ಹೋಗಿ ಕೂರ್ತಿತ್ತು, ಒಳಗೆ ಸ್ಟಾರ್ಟ್‌ಅಪ್ ಸೌಂಡಿಗೆ ಅಂತಾನೇ ಒಂದು ಸ್ಲೈಡರ್. ನನ್ನ ಆಸೆ ಏನಿತ್ತೋ ಅದು, ಅಕ್ಷರಶಃ ಅದೇ! ಇಡೀ ಈ ಹುಡುಕಾಟದಲ್ಲಿ ಐದಕ್ಕೆ ಐದು ಕೊಡೋದು ನಾನು ಇದಕ್ಕೊಂದಕ್ಕೇ. ಆದ್ರೆ ಇದು ಹಳೇ ಸಿಸ್ಟಮ್‌ಗಳ ಮಾತು, ಇವತ್ತಿನ ಮಷೀನಿಗೆ ಹಾಕೋಕೆ ಹೋಗ್ಬೇಡಿ.

2016ರ ಮ್ಯಾಕ್‌ಬುಕ್ ಪ್ರೋದಲ್ಲಿ ಆಪಲ್‌ನವರು ಸ್ವರಾನೇ ಕಿತ್ತಾಕಿದ್ರು, ಮುಚ್ಚಳ ತೆಗೆದ್ರೆ ಮಷೀನ್ ತಾನೇ ಆನ್ ಆಗೋ ಮಾಡೆಲ್ ಅದು. ಆಮೇಲೆ 2020ರಲ್ಲಿ ಬಂದ ಬಿಗ್ ಸರ್ ಅನ್ನೋ ಮ್ಯಾಕ್ ಸಿಸ್ಟಮ್‌ನಲ್ಲಿ ಸೌಂಡ್ ಸೆಟ್ಟಿಂಗ್ಸ್ ಒಳಗೆ 'ಪ್ಲೇ ಸೌಂಡ್ ಆನ್ ಸ್ಟಾರ್ಟ್‌ಅಪ್' ಅಂತ ಕೊಟ್ರು. ಕಣ್ಣಿಗೆ ಕಾಣೋ ಜಾಗದಲ್ಲಿದೆ, ಎರಡು ಕ್ಲಿಕ್ಕು, ಟರ್ಮಿನಲ್ ತೆಗೆದು ಸ್ಟಾರ್ಟ್‌ಅಪ್ ಮ್ಯೂಟ್ ಅಂತೆಲ್ಲ ಕಮಾಂಡ್ ಕುಟ್ಟೋ ಗೋಳಿಲ್ಲ. ಸಿಗೋ ಸುಲಭ ನೋಡಿದ್ರೆ ವಿಂಡೋಸಿಗಿಂತ ಇದೇ ಮೇಲು. ಆದ್ರೆ ಇಲ್ಲೂ ಅದೇ ರಾಗ, ಇದೆ ಅಥವಾ ಇಲ್ಲ. ಸ್ಲೈಡರ್ ಇಡೋಕೆ ಅದೇ ಕಿಟಕೀಲಿ ಅಷ್ಟೊಂದು ಜಾಗ ಖಾಲಿ ಬಿದ್ದಿದೆ, ಅಲರ್ಟ್ ವಾಲ್ಯೂಮಿಗೆ ಅಂತ ಬೇರೆ ಸ್ಲೈಡರೇ ಇದೆ, ಇದಕ್ಕೆ ಕೊಡೋಕೆ ಏನು ಕಷ್ಟ ಅಂತ ನನಗಂತೂ ತಿಳೀಲಿಲ್ಲ.

ಮಧ್ಯೆ ಒಂದು ಮಾತು. ವಿಂಡೋಸ್ 95ರ ಸ್ಟಾರ್ಟ್‌ಅಪ್ ಸೌಂಡ್ ಮಾಡಿದ್ದು ಬ್ರಯಾನ್ ಈನೋ ಅನ್ನೋ ಸಂಗೀತಗಾರ, ಆ ಆರು ಸೆಕೆಂಡಿಗಾಗಿ 84 ತುಣುಕು ಮಾಡಿದ್ರಂತೆ, ಅದನ್ನ ಮಾಡಿದ್ದು ಮ್ಯಾಕ್ ಮೇಲೆ ಅಂತ ಅವರೇ ಆಮೇಲೆ ಹೇಳಿದಾರೆ. ಅಷ್ಟು ಕಷ್ಟಪಟ್ಟು ಮಾಡೋ ಸಂಗೀತನ ಜೋರು ಅನ್ನೋ ಒಂದೇ ಕಾರಣಕ್ಕೆ ಆಫ್ ಮಾಡೋಕೆ ನನಗಂತೂ ಮನಸ್ಸು ಬರಲ್ಲ.

ಲಿನಕ್ಸ್ ಬಗ್ಗೆ ಜಾಸ್ತಿ ಹೇಳಲ್ಲ, ಲಿನಕ್ಸಿನವರು ಹೆಂಗೂ ಎಲ್ಲಾ ತಾವೇ ಮಾಡ್ಕೊಂಡಿರ್ತಾರೆ. ಕೆಡಿಇ ಪ್ಲಾಸ್ಮಾ ಅನ್ನೋ ಲಿನಕ್ಸ್ ಡೆಸ್ಕ್‌ಟಾಪಲ್ಲಿ ನೋಟಿಫಿಕೇಶನ್ಸ್ ಸೆಟ್ಟಿಂಗ್ಸಲ್ಲಿ ಲಾಗಿನ್ ಸೌಂಡಿಗೆ ನಮ್ಮದೇ ಫೈಲ್ ಕೊಡ್ಬಹುದು, ಅಂದ್ರೆ ಎಕ್ಸ್‌ಪಿ ಕಾಲದ ಆಡಾಸಿಟಿ ಉಪಾಯ ಇಲ್ಲಿ ಇವತ್ತಿಗೂ ನಡೆಯುತ್ತೆ, ನಾನು ಅದನ್ನೇ ಮಾಡಿದ್ದು, ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚೆ ಬುದ್ಧಿವಂತಿಕೆ ತೋರಿಸೋಕೆ ಹೋಗಿ, ಲಾಗಿನ್ ಆದ ಕೂಡ್ಲೇ ವಾಲ್ಯೂಮ್ ಇಳಿಸೋ ಎರಡು ಸಾಲಿನ ಸ್ಕ್ರಿಪ್ಟ್ ಬರ್ದಿದ್ದೆ. ನಾಕು ದಿನ ಚೆನ್ನಾಗಿ ಓಡ್ತು. ಐದನೇ ದಿನ ಸೌಂಡು ಸ್ಕ್ರಿಪ್ಟಿಗಿಂತ ಮುಂಚೆ ಓಡಿಬಂತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂಗೆ ಆಮೇಲೆ ವಾಲ್ಯೂಮ್ ಇಳೀತು. ಹಾಗಾಗಿ ಸ್ಕ್ರಿಪ್ಟ್ ಬರೆಯೋರು ಆನ್ ಆಗುವಾಗ ಅಲ್ಲ, ಆಫ್ ಆಗುವಾಗ ಇಳಿಸಿ. ಲಿನಕ್ಸಲ್ಲಿ ಸೌಂಡ್ ನೋಡ್ಕೊಳ್ಳೋ ಆಲ್ಸಾ ಕೂಡ ಶಟ್‌ಡೌನ್ ಟೈಮಲ್ಲಿ ಇರೋ ವಾಲ್ಯೂಮನ್ನೇ ಒಂದು ಫೈಲಿಗೆ ಬರೆದಿಟ್ಟು, ಬೂಟ್ ಆದಾಗ ಅದನ್ನೇ ವಾಪಸ್ ಹಾಕುತ್ತೆ. ವಿಂಡೋಸಲ್ಲೂ ಪ್ರೋ ಎಡಿಶನ್ ಇದ್ದೋರಿಗೆ ಗ್ರೂಪ್ ಪಾಲಿಸಿ ಅನ್ನೋ ಸೆಟ್ಟಿಂಗ್ಸ್ ಕಿಟಕೀಲಿ ಶಟ್‌ಡೌನ್ ಸ್ಕ್ರಿಪ್ಟ್ ಇಡೋ ಜಾಗ ಇದೆ, ಹೋಮ್ ಎಡಿಶನ್ನಿನವರಿಗೆ ಆ ಕಿಟಕಿ ಇಲ್ಲ, ಅವರು ಆಫ್ ಮಾಡೋ ಮುಂಚೆ ಕೀಬೋರ್ಡಿನ ಮ್ಯೂಟ್ ಕೀ ಒತ್ತೋದನ್ನ ರೂಢಿ ಮಾಡ್ಕೋಬೇಕು ಅಷ್ಟೇ.

ಇಷ್ಟೆಲ್ಲಾ ಓದಿ 'ಸ್ಪೀಕರಲ್ಲೇ ತಿರುಗಿಸೋ ಗುಂಡಿ ಇರುತ್ತಲ್ಲ ಮಾರಾಯಾ' ಅಂತ ನಿಮಗೆ ಅನ್ನಿಸಿರ್ಬೇಕು. ನಿಜ ಹೇಳ್ಬೇಕಂದ್ರೆ ಡೆಸ್ಕ್‌ಟಾಪಿಗೆ ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ, ಗುಂಡೀನ ತಗ್ಗಿಸಿಟ್ಟು ಸಾಫ್ಟ್‌ವೇರ್ ವಾಲ್ಯೂಮ್ ಏನಾದ್ರೂ ಮಾಡ್ಕೊಳ್ಳಿ, ಯಾವ ಸಿಸ್ಟಮ್ಮೂ ಅದನ್ನ ದಾಟಕ್ಕಾಗಲ್ಲ. ನಾನು ಈಗ ರಾತ್ರಿ ಆನ್ ಮಾಡೋ ಮುಂಚೆ ಕತ್ತಲಲ್ಲೇ ಕೈ ಆಡಿಸಿ ಆ ಗುಂಡಿ ಹುಡುಕ್ತೀನಿ.

ಒಂದು ಸದ್ದು ಮಾತ್ರ ಆ ಗುಂಡಿಗೂ ಬಗ್ಗಲಿಲ್ಲ. ಅಸೆಂಬಲ್ ಮಾಡಿಸಿದ ಡಬ್ಬದಲ್ಲಿ ಆನ್ ಆದ ತಕ್ಷಣ ಮದರ್‌ಬೋರ್ಡಿಂದ 'ಕೀಂ' ಅಂತ ಒಂದು ಬೀಪ್ ಬರುತ್ತಲ್ಲ, ಅದು. ಅದು ಸ್ಪೀಕರಿಂದ ಬರಲ್ಲ, ಬೋರ್ಡಿಗೆ ಸಿಕ್ಕಿಸಿರೋ ಕಡ್ಲೆಕಾಳು ಗಾತ್ರದ ಕಪ್ಪು ಬಜರಿಂದ ಬರುತ್ತೆ, ಯಾವ ಸಿಸ್ಟಮ್ಮಿನ ವಾಲ್ಯೂಮೂ ಅದನ್ನ ಮುಟ್ಟಲ್ಲ. ಕಿತ್ತಾಕ್ಬಹುದಿತ್ತು, ಆದ್ರೆ ರ್ಯಾಮ್ ಕೈ ಕೊಟ್ಟಾಗ ಸ್ಕ್ರೀನ್ ಕಪ್ಪಗಿರುತ್ತೆ, ಬೀಪ್ ಎಷ್ಟು ಸಲ, ಎಷ್ಟು ಉದ್ದ ಬಂತು ಅನ್ನೋದರಿಂದ್ಲೇ ಕಾಯಿಲೆ ಪತ್ತೆ ಮಾಡ್ಬೇಕು, ಅದಕ್ಕೆ ಮನಸ್ಸಾಗ್ಲಿಲ್ಲ. ಭಾನುವಾರ ಕರೆಂಟ್ ಪ್ಲಗ್ ತೆಗೆದು, ಡಬ್ಬ ಬಿಚ್ಚಿ, ಬಜರ್ ಮೇಲಿರೋ ಸಣ್ಣ ತೂತಿಗೆ ಒಂದು ಚೂರು ಇನ್ಸುಲೇಶನ್ ಟೇಪ್ ಅಂಟಿಸಿದೆ. ಸಾಕಾಗ್ಲಿಲ್ಲ, ಇನ್ನೊಂದು ಪದರ ಹಾಕಿದೆ. ಈಗ 'ಕೀಂ' ಹೋಗಿ 'ಕಿಂ' ಆಗಿದೆ. ಮೂರನೇ ಪದರ ಬೇಕಾ ಅಂತ ಅಕ್ಕನ್ನ ಕೇಳ್ದೆ, ಯಾವ ಸದ್ದು ಅಂದ್ಲು.