ಒಂದೇ ಪ್ರಕಾಶನಕ್ಕೆ ಎರಡು ವೆಬ್‌ಸೈಟ್: ವರ್ಡ್‌ಪ್ರೆಸ್ ಮತ್ತು ಹ್ಯೂಗೊ ಬಳಸಿ ನೋಡಿದ ಹೋಲಿಕೆ

ಕಳೆದ ಹನ್ನೊಂದು ವರ್ಷಗಳಿಂದ ನಾನು ಸಾಗರದಲ್ಲಿ, ಯಾವ ಕಂಪನಿಯ ಹಂಗೂ ಇಲ್ಲದೆ, ಒಬ್ಬನೇ ಕುಳಿತು ವೆಬ್‌ಸೈಟ್ ಮಾಡಿಕೊಡುವ ಕೆಲಸ ಮಾಡುತ್ತಿದ್ದೇನೆ. ಹೋಮ್‌ಸ್ಟೇಯವರು, ಸಹಕಾರ ಸಂಘದವರು, ಯಕ್ಷಗಾನ ಮೇಳದವರು, ಒಂದೆರಡು ಶಾಲೆಗಳವರು ನನ್ನ ಗ್ರಾಹಕರು. ಎರಡು ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಒಂದು ಸಣ್ಣ ಪುಸ್ತಕ ಪ್ರಕಾಶನದವರು ಬಂದು, ತಾವು ಪ್ರಕಟಿಸಿದ 140 ಪುಸ್ತಕಗಳ ವಿವರವನ್ನೂ, ನಿಂತುಹೋದ ತಮ್ಮ ಮಾಸಪತ್ರಿಕೆಯ ಸುಮಾರು 300 ಲೇಖನಗಳನ್ನೂ ವೆಬ್‌ಸೈಟ್‌ಗೆ ಹಾಕಿಕೊಡಬೇಕೆಂದೂ, ಮುಂದೆ ಹೊಸ ಲೇಖನಗಳನ್ನು ತಾವೇ ಸೇರಿಸಿಕೊಳ್ಳುವುದಾಗಿಯೂ ಹೇಳಿದರು. ಇದನ್ನು ವೆಬ್‌ಸೈಟ್ ಕಟ್ಟುವ ತಂತ್ರಾಂಶಗಳಾದ ವರ್ಡ್‌ಪ್ರೆಸ್‌ನಲ್ಲಿ ಮಾಡುವುದೋ ಹ್ಯೂಗೊದಲ್ಲಿ ಮಾಡುವುದೋ ಎಂಬುದನ್ನು ತೀರ್ಮಾನಿಸಲಾಗದೆ ನಾನು ಎರಡರಲ್ಲೂ ಮಾಡಿದೆ. ಮೊದಲ ನಾಲ್ಕು ತಿಂಗಳು ಹ್ಯೂಗೊ, ನಂತರದ ನಾಲ್ಕು ತಿಂಗಳು ವರ್ಡ್‌ಪ್ರೆಸ್. ವಿಳಾಸ ಅದೇ, ಲೇಖನಗಳು ಅವೇ, ಲೇಖನ ಸೇರಿಸುವವರೂ ಅವರೇ, ಅಂದರೆ ಪ್ರಕಾಶನದ ಸಂಪಾದಕರಾದ ನಿವೃತ್ತ ಹೈಸ್ಕೂಲು ಮೇಷ್ಟ್ರು. ಎರಡನೆಯ ಸಲದ ದುಡಿಮೆಗೆ ನಾನು ದುಡ್ಡು ಕೇಳಲಿಲ್ಲ. ಅದನ್ನು ನನ್ನ ಕಲಿಕೆಯ ಖಾತೆಗೆ ಹಾಕಿಕೊಂಡೆ.

ಎರಡರ ಪರಿಚಯ ಇಲ್ಲದವರಿಗಾಗಿ ಇಷ್ಟು ಹೇಳಬೇಕು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ 2003ರಲ್ಲಿ ಹೊರತಂದ ವರ್ಡ್‌ಪ್ರೆಸ್, ಓದುಗರು ಪುಟವನ್ನು ಕೇಳಿದಾಗ ಡೇಟಾಬೇಸ್‌ನಿಂದ ಲೇಖನವನ್ನು ತೆಗೆದು ಪಿಎಚ್‌ಪಿ ಭಾಷೆಯ ಮೂಲಕ ಆ ಕ್ಷಣದಲ್ಲಿ ಪುಟ ಕಟ್ಟಿಕೊಡುತ್ತದೆ. ಸ್ಟೀವ್ ಫ್ರಾನ್ಸಿಯಾ 2013ರಲ್ಲಿ ಗೋ ಭಾಷೆಯಲ್ಲಿ ಬರೆದ ಹ್ಯೂಗೊ, ಪಠ್ಯದ ಫೈಲುಗಳನ್ನು ಓದಿ ಎಲ್ಲ ಪುಟಗಳನ್ನೂ ಮೊದಲೇ ತಯಾರಿಸಿಡುತ್ತದೆ. ಸರ್ವರ್‌ಗೆ ಅವನ್ನು ಹಾಗೆಯೇ ಎತ್ತಿಕೊಡುವುದಷ್ಟೇ ಕೆಲಸ. ಒಂದು, ಕೇಳಿದಾಗ ಕಾವಲಿಗೆ ಹುಯ್ದುಕೊಡುವ ದೋಸೆ. ಇನ್ನೊಂದು, ಬೇಸಿಗೆಯಲ್ಲೇ ಮಾಡಿ ಒಣಗಿಸಿ ಡಬ್ಬಿಗೆ ತುಂಬಿಟ್ಟ ಹಲಸಿನ ಹಪ್ಪಳ.

ಹಳೆಯ ಲೇಖನಗಳನ್ನು ತುಂಬಿಸುವ ಹಂತದಲ್ಲಿ ಹ್ಯೂಗೊ ನಿರ್ವಿವಾದವಾಗಿ ಗೆದ್ದಿತು. ಪತ್ರಿಕೆಯ ಪುಟಗಳೆಲ್ಲ ಪೇಜ್‌ಮೇಕರ್‌ನಲ್ಲಿ, ಯುನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ ಇದ್ದವು. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳ ಜಾಗದಲ್ಲಿ ಅಲ್ಲಲ್ಲಿ ತಪ್ಪು ಉಳಿಯುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹ್ಯೂಗೊದಲ್ಲಿ ಪ್ರತಿ ಲೇಖನವೂ ಒಂದು ಸಾದಾ ಪಠ್ಯದ ಫೈಲ್ ಆಗಿರುವುದರಿಂದ, ಒಂದು ಬಗೆಯ ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಮುನ್ನೂರು ಫೈಲುಗಳಲ್ಲೂ ಒಂದೇ ಆಜ್ಞೆಯಿಂದ ಅದನ್ನು ತಿದ್ದಿ, ಏನೇನು ಬದಲಾಯಿತೆಂಬುದನ್ನು ಗಿಟ್‌ನಲ್ಲಿ (ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ಸಾಲು ಸಾಲಾಗಿ ನೋಡಿ, ಸರಿಯಿಲ್ಲದಿದ್ದರೆ ಹಿಂದಕ್ಕೆ ಪಡೆಯಬಹುದಾಗಿತ್ತು. ವರ್ಡ್‌ಪ್ರೆಸ್‌ನಲ್ಲಿಯೂ ಡೇಟಾಬೇಸ್‌ನೊಳಗೆ ಹುಡುಕಿ ಬದಲಿಸುವ ಸಲಕರಣೆ ಇದೆಯಾದರೂ, ಪ್ರತಿಸಲವೂ ಬ್ಯಾಕಪ್ ತೆಗೆದಿಟ್ಟುಕೊಂಡು, ದೇವರ ಮೇಲೆ ಭಾರ ಹಾಕಿ ಎಂಟರ್ ಒತ್ತಬೇಕಾಗುತ್ತದೆ.

ಪುಟಗಳ ಕೊಂಡಿ, ಅಂದರೆ ಲಿಂಕ್, ಕನ್ನಡದಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರುವ ಯಾವ ಹೋಲಿಕೆಯಲ್ಲೂ ನಾನು ಓದಿರಲಿಲ್ಲ. ಯುನಿಕೋಡ್‌ನ ಕನ್ನಡ ಸಂಕೇತವೊಂದಕ್ಕೆ ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ 3 ಬೈಟ್ ಬೇಕು. ಅದನ್ನು ಕೊಂಡಿಯಲ್ಲಿ ಬರೆಯುವಾಗ ಪ್ರತಿ ಬೈಟ್‌ಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ ಸೇರಿ ಒಟ್ಟು 9 ಅಕ್ಷರಗಳಾಗುತ್ತವೆ. ವರ್ಡ್‌ಪ್ರೆಸ್ ತನ್ನ ಡೇಟಾಬೇಸ್‌ನಲ್ಲಿ ಕೊಂಡಿಯ ಹೆಸರಿಗೆ ಕೊಟ್ಟಿರುವ ಜಾಗ 200 ಅಕ್ಷರ ಮಾತ್ರ. ಹೀಗಾಗಿ, ಇಂಗ್ಲಿಷ್ ಶೀರ್ಷಿಕೆಗೆ ಧಾರಾಳವಾಗಿರುವ ಈ ಜಾಗ ಕನ್ನಡಕ್ಕೆ 22 ಸಂಕೇತಗಳಲ್ಲೇ ಮುಗಿದುಹೋಗುತ್ತದೆ, ಅದರಲ್ಲೂ ಕಾಗುಣಿತದ ಪ್ರತಿಯೊಂದು ಚಿಹ್ನೆಯೂ ಬೇರೆಯೇ ಸಂಕೇತವಾಗಿ ಲೆಕ್ಕಕ್ಕೆ ಬರುತ್ತದೆ. 'ಮಲೆನಾಡಿನ ಮಳೆಗಾಲದ ಅಡುಗೆಗಳು' ಎಂಬ ಲೇಖನದ ಕೊಂಡಿ 'ಅಡುಗೆಗಳ' ಎಂದು, ಕೊನೆಯ ಉಕಾರವನ್ನು ಕಳೆದುಕೊಂಡು ನಿಂತದ್ದನ್ನು ನೋಡಿ ನಾನು ಇದು ನನ್ನದೇ ಕೋಡಿನ ತಪ್ಪೆಂದು ಅರ್ಧ ದಿನ ಹುಡುಕಾಡಿದ್ದೆ. ಇದರ ಜೊತೆಗೆ, ಬ್ರೌಸರಿನ ಮೇಲ್ಭಾಗದಲ್ಲಿ ಚೆಂದವಾಗಿ ಕನ್ನಡದಲ್ಲಿ ಕಾಣುವ ಕೊಂಡಿ, ವಾಟ್ಸ್ಆ್ಯಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಣಿಯಾಗುತ್ತದೆ. "ಇದೆಂಥದು ಮಾರಾಯ, ವೈರಸ್ ಕಳಿಸಿದ್ದೀರಾ ಅಂತ ಜನ ಕೇಳ್ತಿದ್ದಾರೆ" ಎಂದು ಮೇಷ್ಟ್ರು ಫೋನ್ ಮಾಡಿದ್ದು ಇದೇ ಕಾರಣಕ್ಕೆ. ಇದಕ್ಕೆ ಪರಿಹಾರ ಎರಡೂ ಕಡೆ ಒಂದೇ: ಕೊಂಡಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೈಯಿಂದಲೇ ಬರೆಯುವುದು. ಹ್ಯೂಗೊದಲ್ಲಿ ಆ ಸಾಲನ್ನು ಫೈಲಿನ ತಲೆಯಲ್ಲೇ ಬರೆಯುವ ರೂಢಿ ಇರುವುದರಿಂದ ಅದು ಮರೆತುಹೋಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಅದು ಬದಿಯ ಪಟ್ಟಿಯೊಂದರಲ್ಲಿ ಅಡಗಿ ಕುಳಿತಿರುತ್ತದೆ.

ಹುಡುಕಾಟದ ವಿಷಯದಲ್ಲಿ ಮಾತ್ರ ನನ್ನ ಎಣಿಕೆ ತಲೆಕೆಳಗಾಯಿತು. ವರ್ಡ್‌ಪ್ರೆಸ್‌ನ ಮೂಲ ಹುಡುಕಾಟವನ್ನು ಬಲ್ಲವರು ಹೊಗಳುವುದಿಲ್ಲ, ಏಕೆಂದರೆ ಅದು ಕೊಟ್ಟ ಅಕ್ಷರಗಳು ಪಠ್ಯದಲ್ಲಿ ಎಲ್ಲಾದರೂ ಇವೆಯೇ ಎಂದಷ್ಟೇ ನೋಡುತ್ತದೆ. ಆದರೆ ವಿಭಕ್ತಿ ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿಕೊಳ್ಳುವ ಕನ್ನಡಕ್ಕೆ ಈ ಒರಟು ವಿಧಾನವೇ ಅನುಕೂಲವಾಯಿತು: 'ಅಡಿಕೆ' ಎಂದು ಹುಡುಕಿದರೆ ಅಡಿಕೆಯನ್ನು, ಅಡಿಕೆಗೆ, ಅಡಿಕೆಯಿಂದ ಎಲ್ಲವೂ ಸಿಗುತ್ತವೆ. 'ಮರ' ಎಂದರೆ ಅಮರ, ಸಮರಗಳೂ ಬರುತ್ತವೆ, 'ಊರು' ಎಂದರೆ 'ಊರಿನಲ್ಲಿ' ಬರುವುದಿಲ್ಲ; ಅಷ್ಟನ್ನು ಓದುಗರು ಸಹಿಸಿಕೊಳ್ಳುತ್ತಾರೆ. ಹ್ಯೂಗೊದಲ್ಲಿ ಡೇಟಾಬೇಸೇ ಇಲ್ಲದಿರುವುದರಿಂದ ಹುಡುಕಾಟ ಓದುಗರ ಬ್ರೌಸರಿನಲ್ಲೇ ನಡೆಯಬೇಕು. ಅದಕ್ಕಾಗಿ ನಾನು ಲೂನರ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಯನ್ನು ಜೋಡಿಸಿದೆ. ಏನೇ ಹುಡುಕಿದರೂ ಒಂದೂ ಫಲಿತಾಂಶ ಬರಲಿಲ್ಲ. ಕಾರಣ ಸಿಕ್ಕಿದ ಮೇಲೆ ನಗು ಬಂತು: ಅದು ಪ್ರತಿ ಪದದ ಎರಡೂ ತುದಿಗಳಲ್ಲಿ 'ಅಕ್ಷರವಲ್ಲದ' ಚಿಹ್ನೆಗಳನ್ನು ಸವರಿ ತೆಗೆಯುತ್ತದೆ, ಆ ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಬಿಟ್ಟರೆ ಉಳಿದದ್ದೆಲ್ಲ ಅಕ್ಷರವಲ್ಲದ್ದು. ಹಾಗಾಗಿ ಕನ್ನಡದ ಪದಗಳೆಲ್ಲ ಸವೆದು ಸವೆದು ಖಾಲಿಯಾಗಿದ್ದವು. ಕೊನೆಗೆ ಅದನ್ನು ತೆಗೆದುಹಾಕಿ, ವರ್ಡ್‌ಪ್ರೆಸ್ ಮಾಡುವಂತೆಯೇ ಅಕ್ಷರಗಳನ್ನು ಹೋಲಿಸುವ ಸಣ್ಣ ಕೋಡೊಂದನ್ನು ನಾನೇ ಬರೆದೆ. ಆದರೆ ಎಲ್ಲ ಲೇಖನಗಳ ಪೂರ್ತಿ ಪಠ್ಯವನ್ನು ಸೇರಿಸಿದರೆ ಓದುಗರ ಫೋನಿಗೆ ಇಳಿಯಬೇಕಾದ ಪಟ್ಟಿಯೇ 6 ಎಂಬಿ ಮೀರುತ್ತಿದ್ದುದರಿಂದ, ಶೀರ್ಷಿಕೆ, ಲೇಖಕರ ಹೆಸರು ಮತ್ತು ಮೊದಲ ಪ್ಯಾರಾಕ್ಕಷ್ಟೇ ತೃಪ್ತಿಪಡಬೇಕಾಯಿತು.

ವೇಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹ್ಯೂಗೊ ಎಲ್ಲ ಪುಟಗಳನ್ನೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸೆಕೆಂಡಿನೊಳಗೆ ಕಟ್ಟಿ ಮುಗಿಸುತ್ತಿತ್ತು, ಓದುಗರಿಗೂ ಪುಟ ಥಟ್ಟನೆ ತೆರೆಯುತ್ತಿತ್ತು. ಒಮ್ಮೆ ಕಟ್ಟಿದ ಪುಟವನ್ನು ತೆಗೆದಿಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶ) ಹಾಕಿದ ಮೇಲೆ ವರ್ಡ್‌ಪ್ರೆಸ್ ಕೂಡ ಅದರ ಹತ್ತಿರಕ್ಕೆ ಬಂತು. ಎರಡರಲ್ಲೂ ನಿಜವಾದ ಭಾರ ಕನ್ನಡ ಫಾಂಟಿನದೇ ಆಗಿತ್ತು. ಪುಟದ ಪಠ್ಯಕ್ಕಿಂತ ಹಲವು ಪಟ್ಟು ತೂಗುವ ನೋಟೋ ಸಾನ್ಸ್ ಕನ್ನಡದ ಒಂದೇ ದಪ್ಪವನ್ನು ಉಳಿಸಿಕೊಂಡು, ಉಳಿದ ದಪ್ಪಗಳನ್ನು ಕೈಬಿಟ್ಟದ್ದರಿಂದ ಆದ ಲಾಭ, ಈ ಎರಡರ ನಡುವಿನ ಅಂತರಕ್ಕಿಂತ ದೊಡ್ಡದು.

ಲೇಖನ ಸೇರಿಸುವ ಮೇಷ್ಟ್ರ ಅನುಭವವೇ ಬೇರೆ. ಹ್ಯೂಗೊದಲ್ಲಿ ಫೈಲಿನ ತಲೆಯಲ್ಲಿ ಶೀರ್ಷಿಕೆ, ದಿನಾಂಕಗಳನ್ನು ಒಂದು ನಿಯಮದಲ್ಲಿ ಬರೆಯಬೇಕು. ಅವರು ತಮ್ಮ ಮೊದಲ ಲೇಖನಕ್ಕೆ 'ಮಳೆ: ಒಂದು ನೆನಪು' ಎಂದು ಹೆಸರಿಟ್ಟರು. ಆ ಸಾಲಿನಲ್ಲಿ 'title' ಎಂಬುದರ ಮುಂದೆ ಮೊದಲೇ ಒಂದು ವಿವರಣ ಚಿಹ್ನೆ (:) ಇರುತ್ತದೆ; ಉದ್ಧರಣ ಚಿಹ್ನೆಗಳಿಲ್ಲದೆ ಎರಡನೆಯದು ಬಂದರೆ ಆ ನಿಯಮಕ್ಕೆ ಅದು ಅರ್ಥವಾಗುವುದಿಲ್ಲ. ಪುಟ ಕಟ್ಟುವ ಕೆಲಸವೇ ನಿಂತಿತು. ಓದುಗರಿಗೆ ಹಳೆಯ ಪುಟಗಳು ಸುರಕ್ಷಿತವಾಗಿಯೇ ಕಾಣುತ್ತಿದ್ದವು, ಅದು ಹ್ಯೂಗೊದ ದೊಡ್ಡ ಗುಣ. ಆದರೆ ಮೇಷ್ಟ್ರಿಗೆ ತಮ್ಮ ಲೇಖನ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಆಮೇಲೆ ಗಿಟ್‌ಗೆ ಹೊಂದಿಕೊಳ್ಳುವ ಬರವಣಿಗೆಯ ಪರದೆಯೊಂದನ್ನು, ಡೆಕಾಪ್ ಸಿಎಂಎಸ್ ಎಂಬುದನ್ನು, ಜೋಡಿಸಿಕೊಟ್ಟೆ. ವಿವರಣ ಚಿಹ್ನೆಯ ಕಾಟ ತಪ್ಪಿತಾದರೂ, ಪ್ರಕಟಿಸು ಎಂದು ಒತ್ತಿದ ಮೇಲೆ ಪುಟ ಕಾಣಿಸಿಕೊಳ್ಳಲು ಎರಡು ನಿಮಿಷ ಕಾಯಬೇಕಿತ್ತು, ಅವರ ಫೋನಿನ ಸಣ್ಣ ಪರದೆಗೆ ಅದು ಸರಿಯಾಗಿ ಹೊಂದುತ್ತಲೂ ಇರಲಿಲ್ಲ. ಮೇಷ್ಟ್ರು ಬರೆಯುವುದು ತೋಟದ ಕಟ್ಟೆಯ ಮೇಲೆ ಕುಳಿತು, ಫೋನಿಗೆ ಹೇಳಿ ಬರೆಸುವ ಮೂಲಕ. ಅವರ ಪುಸ್ತಕಪಟ್ಟಿಯ ಪಿಡಿಎಫ್ ಕೂಡ ತೊಡಕಾಯಿತು, ಏಕೆಂದರೆ ನಾನು ಆರಿಸಿಕೊಂಡಿದ್ದ ಉಚಿತ ಜಾಗದಲ್ಲಿ ಒಂದು ಫೈಲ್ 25 ಎಂಬಿ ಮೀರುವಂತಿರಲಿಲ್ಲ.

ವರ್ಡ್‌ಪ್ರೆಸ್‌ಗೆ ಬದಲಾಯಿಸಿದ ವಾರದಲ್ಲೇ ಅವರು ಮೊಬೈಲ್ ಆ್ಯಪಿನಿಂದ, ನನ್ನನ್ನು ಕೇಳದೆಯೇ, ಮೂರು ಲೇಖನ ಹಾಕಿದರು. 6 ಎಂಬಿಯ ಫೋಟೋ ಹಾಕಿದರೂ 2019ರ 5.3ನೇ ಆವೃತ್ತಿಯ ನಂತರದ ವರ್ಡ್‌ಪ್ರೆಸ್ ತಾನೇ ಅದನ್ನು 2560 ಪಿಕ್ಸೆಲ್‌ಗೆ ಇಳಿಸಿ, ಸಣ್ಣ ಪ್ರತಿಗಳನ್ನೂ ಮಾಡಿಕೊಳ್ಳುತ್ತದೆ. ನನ್ನ ಡೈರಿಯ ಪ್ರಕಾರ ಹ್ಯೂಗೊದ ನಾಲ್ಕು ತಿಂಗಳಲ್ಲಿ ಪ್ರಕಟವಾದ ಹೊಸ ಲೇಖನಗಳು 11, ವರ್ಡ್‌ಪ್ರೆಸ್‌ನ ನಾಲ್ಕು ತಿಂಗಳಲ್ಲಿ 37. ಮೇಷ್ಟ್ರು ನನಗೆ ಮಾಡಿದ ಫೋನ್ ಕರೆಗಳು ಕ್ರಮವಾಗಿ 46 ಮತ್ತು 19.

ಈ ಅಂಕಿಗಳನ್ನು ನೋಡಿದರೆ ತೀರ್ಮಾನ ಸುಲಭ ಎನ್ನಿಸಬಹುದು, ಆದರೆ ಕರೆಗಳೆಲ್ಲ ಒಂದೇ ತೂಕದವಲ್ಲ. ಹ್ಯೂಗೊದ ಕರೆಗಳು ಹಗಲಿನವು, ಐದು ನಿಮಿಷದವು. ವರ್ಡ್‌ಪ್ರೆಸ್‌ನದು ಬಂದರೆ ರಾತ್ರಿ ಬರುತ್ತದೆ. ಇದಕ್ಕೂ ಹಿಂದೆ ಒಂದು ಹೋಮ್‌ಸ್ಟೇಯ ವರ್ಡ್‌ಪ್ರೆಸ್ ಸೈಟ್, ಹೋಸ್ಟಿಂಗ್‌ನವರು, ಅಂದರೆ ಸೈಟಿಗೆ ಸರ್ವರ್‌ನಲ್ಲಿ ಜಾಗ ಕೊಡುವವರು, ಪಿಎಚ್‌ಪಿಯನ್ನು 7.4ನೇ ಆವೃತ್ತಿಯಿಂದ 8ಕ್ಕೆ ಏರಿಸಿದ ದಿನ, ಹಳೆಯ ಬುಕಿಂಗ್ ಪ್ಲಗಿನ್ನೊಂದರಿಂದಾಗಿ ಪೂರ್ತಿ ಬಿಳಿ ಪರದೆಯಾಗಿತ್ತು. ಡಿಸೆಂಬರ್ ರಜೆಯ ಸಮಯ. ಮಾಲೀಕರು ಹತ್ತೂವರೆಗೆ ಫೋನ್ ಮಾಡಿದರು, ಮುಗಿದಾಗ ಎರಡು ಗಂಟೆ. ಏರಿಸಿದವರ ತಪ್ಪೇನೂ ಇರಲಿಲ್ಲ, 7.4ಕ್ಕೆ ಭದ್ರತಾ ತಿದ್ದುಪಡಿಗಳು 2022ರ ನವೆಂಬರ್‌ಗೆ ನಿಂತಿದ್ದವು. ಪ್ಲಗಿನ್ ನೋಡಿಕೊಳ್ಳಬೇಕಾದವನು ನಾನೇ. ಅದಕ್ಕೆ ನನಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ ಅಷ್ಟೆ. ಹ್ಯೂಗೊದಲ್ಲಿ ಈ ಬಗೆಯ ಅವಘಡಕ್ಕೆ ಆಸ್ಪದವಿಲ್ಲ. ಲಾಗಿನ್ ಪುಟವೇ ಸರ್ವರ್‌ನಲ್ಲಿ ಇಲ್ಲದ ಕಾರಣ ಪಾಸ್‌ವರ್ಡ್ ಊಹಿಸುತ್ತಾ ದಿನವಿಡೀ ಬಾಗಿಲು ಬಡಿಯುವ ಯಂತ್ರಗಳಿಗೂ ಅಲ್ಲಿ ಕೆಲಸವಿಲ್ಲ. ಹ್ಯೂಗೊದ ಹೊಸ ಆವೃತ್ತಿಗಳಲ್ಲಿ ಟೆಂಪ್ಲೇಟ್ (ಪುಟಗಳ ಅಚ್ಚು) ಬರೆಯುವ ನಿಯಮಗಳು ಬದಲಾಗುತ್ತಿರುತ್ತವೆ, ನಿಜ; ಆದರೆ ಅದು ಒಂದೇ ಫೈಲಿನ ತಂತ್ರಾಂಶವಾದ್ದರಿಂದ, ಬೇಕಾದ ಆವೃತ್ತಿಯನ್ನು ಸೈಟಿನ ಫೋಲ್ಡರಿನಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ನೆಮ್ಮದಿಯಿಂದಿರಬಹುದು.

ದುಡ್ಡಿನ ಲೆಕ್ಕವನ್ನೂ ಮುಚ್ಚಿಡದೆ ಹೇಳುತ್ತೇನೆ. ಹ್ಯೂಗೊ ಸೈಟಿಗೆ ವರ್ಷಕ್ಕೆ ಡೊಮೇನಿನ ಸುಮಾರು 900 ರೂಪಾಯಿ ಬಿಟ್ಟರೆ ಬೇರೆ ಖರ್ಚು ಬರಲಿಲ್ಲ. ವರ್ಡ್‌ಪ್ರೆಸ್‌ಗೆ ಹೋಸ್ಟಿಂಗ್ ಸೇರಿ 5,400 ಆಯಿತು, ಅದೂ ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲಿನ ದರ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗಿನಿಂದ ಇಂಥ ನವೀಕರಣದ ದಿನಾಂಕಗಳನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ. ಹ್ಯೂಗೊ ಗ್ರಾಹಕರಿಗೆ ಅಲ್ಲಿ ಒಂದೇ ದಿನಾಂಕ, ವರ್ಡ್‌ಪ್ರೆಸ್ ಗ್ರಾಹಕರಿಗೆ ಮೂರು ನಾಲ್ಕು. ನನ್ನ ಆದಾಯ ಮಾತ್ರ ಇದಕ್ಕೆ ತದ್ವಿರುದ್ಧ. ವರ್ಡ್‌ಪ್ರೆಸ್ ಸೈಟಿಗೆ ವರ್ಷಕ್ಕೆ 12,000 ರೂಪಾಯಿಯ ನಿರ್ವಹಣಾ ಒಪ್ಪಂದವನ್ನು, ನಮ್ಮವರು ಎಎಂಸಿ ಎನ್ನುವುದನ್ನು, ಕೇಳಿದರೆ ಜನ ಒಪ್ಪುತ್ತಾರೆ. ಹ್ಯೂಗೊ ಸೈಟ್ ಕೆಡುವುದೇ ಇಲ್ಲವಾದ್ದರಿಂದ ಅದಕ್ಕೆ ಎಎಂಸಿ ಕೇಳಲು ನನಗೇ ನಾಲಿಗೆ ಏಳುವುದಿಲ್ಲ, ಮೂರು ವರ್ಷ ಕಳೆಯುವಷ್ಟರಲ್ಲಿ ಗ್ರಾಹಕರು ನನ್ನ ನಂಬರನ್ನೂ ಮರೆತಿರುತ್ತಾರೆ.

ಹಾಗಿದ್ದರೂ ಪ್ರಕಾಶನಕ್ಕೆ ನಾನು ವರ್ಡ್‌ಪ್ರೆಸ್ ಅನ್ನೇ ಉಳಿಸಿದ್ದು ಎಎಂಸಿಯ ಆಸೆಗಲ್ಲ. ಒಬ್ಬನೇ ದುಡಿಯುವವನು ನಾಳೆ ಕಾಯಿಲೆ ಬಿದ್ದರೆ, ಬೆಂಗಳೂರಿಗೆ ಕೆಲಸಕ್ಕೆ ಹೊರಟರೆ, ಸೈಟನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಗ್ರಾಹಕರ ಪರವಾಗಿ ನಾನೇ ಕೇಳಿಕೊಳ್ಳಬೇಕು. ವರ್ಡ್‌ಪ್ರೆಸ್ ಬಲ್ಲವರು ಸಾಗರದಲ್ಲೂ ನಾಲ್ಕು ಜನ ಸಿಗುತ್ತಾರೆ. ನಾನು ಬರೆದ ಹ್ಯೂಗೊ ಟೆಂಪ್ಲೇಟುಗಳನ್ನು ಬಿಡಿಸಬಲ್ಲವರು ಶಿವಮೊಗ್ಗದಲ್ಲಿಯೂ ನನಗೆ ಸಿಗಲಿಲ್ಲ. ವರ್ಡ್‌ಪ್ರೆಸ್ ನನ್ನನ್ನು ಗ್ರಾಹಕರಿಗೆ ಕಟ್ಟಿಹಾಕುತ್ತದೆ, ಹ್ಯೂಗೊ ಗ್ರಾಹಕರನ್ನು ನನಗೆ ಕಟ್ಟಿಹಾಕುತ್ತದೆ. ಮೊದಲನೆಯದಕ್ಕೆ ನಾನು ಬೆಲೆ ಕಟ್ಟಬಲ್ಲೆ, ಎರಡನೆಯದು ಅವರಿಗೆ ಗೊತ್ತಿಲ್ಲದೆಯೇ ಅವರ ಮೇಲೆ ಬೀಳುವ ಭಾರ. ವರ್ಷಕ್ಕೆ ಎರಡು ಸಲ ದರಪಟ್ಟಿ ಬದಲಿಸುವ ಹೋಮ್‌ಸ್ಟೇಗಳಿಗೆ, ಮೇಳದ ತಿರುಗಾಟದ ಪಟ್ಟಿಗೆ ಈಗಲೂ ಹ್ಯೂಗೊವನ್ನೇ ಕೊಡುತ್ತೇನೆ. ಅಲ್ಲಿ ತಯಾರಾದ ಪುಟಗಳಷ್ಟೇ ಉಳಿದರೂ ಯಾರಾದರೂ ತಿದ್ದಿಕೊಳ್ಳಬಹುದು. ಆದರೆ ತಾವೇ ಬರೆಯುವವರಿಗೆ, ಅದರಲ್ಲೂ ಫೋನಿನಲ್ಲಿ ಬರೆಯುವವರಿಗೆ, ಅದನ್ನು ಒತ್ತಾಯಿಸುವುದನ್ನು ಬಿಟ್ಟಿದ್ದೇನೆ.

ಪ್ರಕಾಶನದ ಸೈಟಿನಲ್ಲಿ ಈಗ ಐದೇ ಪ್ಲಗಿನ್‌ಗಳಿವೆ, ಆರನೆಯದು ಬೇಕೆಂದರೆ ನನ್ನನ್ನು ಕೇಳಬೇಕೆಂದು ಎಎಂಸಿ ಕಾಗದದಲ್ಲೇ ಬರೆದಿದೆ. ಪ್ರತಿ ಭಾನುವಾರ ರಾತ್ರಿ ಎಲ್ಲ ಲೇಖನಗಳೂ ಸಾದಾ ಪಠ್ಯದ ಫೈಲುಗಳಾಗಿ ಗಿಟ್‌ಗೆ ಇಳಿಯುತ್ತವೆ, ಬೇಕೆಂದರೆ ಅದೇ ಹಳೆಯ ಹ್ಯೂಗೊ ಸೈಟನ್ನು ಮರುದಿನವೇ ಎಬ್ಬಿಸಿ ನಿಲ್ಲಿಸಬಹುದು. ಕೊಂಡಿಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಇಲ್ಲದಿದ್ದರೆ ಲೇಖನ ಪ್ರಕಟವಾಗದಂತೆ ತಡೆಯುವ ಹದಿನೈದು ಸಾಲಿನ ಕೋಡನ್ನೂ ಕಳೆದ ತಿಂಗಳು ಸೇರಿಸಿದ್ದೇನೆ. ಅದಾದ ಮೇಲೆ ಮೇಷ್ಟ್ರು ಬರೆದ ಮೊದಲ ಲೇಖನದ ಕೊಂಡಿಯ ಹೆಸರು 'ಒಂದು', ಎರಡನೆಯದರದ್ದು 'ಎರಡು', ಇಂಗ್ಲಿಷ್ ಅಕ್ಷರಗಳಲ್ಲಿ.