ಎಪಿಪೆನ್ ಜೂನಿಯರ್: ಕೊಳ್ಳುವ ಮುನ್ನ ಮಗುವಿನ ತೂಕ ನೋಡಿ

ಗೋಡಂಬಿ ಬರ್ಫಿಯ ಒಂದು ಚೂರು, ಇಲ್ಲವೇ ಮೊದಲ ಸಲ ತಿನ್ನಿಸಿದ ಮೊಟ್ಟೆ. ಕೆಲವೇ ನಿಮಿಷಗಳಲ್ಲಿ ತುಟಿ ಊದಿ, ಮೈತುಂಬ ಪಿತ್ತದ ಗಂಧೆ ಎದ್ದು, ಮಗು ಮತ್ತೆ ಮತ್ತೆ ವಾಂತಿ ಮಾಡುತ್ತದೆ. ಅಳುವ ದನಿ ಗೊಗ್ಗರಾಗುತ್ತದೆ, ಕೆಮ್ಮು ಹತ್ತುತ್ತದೆ, ಕೈಕಾಲು ಸೋತು ಜೋಲುತ್ತವೆ. ಇದೇ ಅನಾಫಿಲ್ಯಾಕ್ಸಿಸ್, ಪ್ರಾಣಕ್ಕೇ ಕುತ್ತಾಗಬಲ್ಲ ತೀವ್ರ ಅಲರ್ಜಿ. ಕೆಲವು ಮಕ್ಕಳಲ್ಲಿ ಚರ್ಮದ ಮೇಲೆ ಏನೂ ಕಾಣಿಸದೆಯೂ ಇದು ಆಗುತ್ತದೆ. ಇದಕ್ಕೆ ಮದ್ದು ಅಡ್ರಿನಲಿನ್ ತುಂಬಿಟ್ಟ, ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಷನ್ ಪೆನ್, ಆದರೆ ಆ ಮೊದಲ ಸಲ ಯಾರ ಮನೆಯಲ್ಲೂ ಅದು ಇರುವುದಿಲ್ಲ. ಮಗು ಚೇತರಿಸಿಕೊಂಡ ಮೇಲೆ ಡಾಕ್ಟರ್ ಬರೆದುಕೊಡುವ ಅಡ್ರಿನಲಿನ್ ಪೆನ್‌ಗಳಲ್ಲಿ ಹೆಚ್ಚು ಹೆಸರಾದದ್ದು ಎಪಿಪೆನ್ ಜೂನಿಯರ್.

ಇದರಲ್ಲಿರುವುದು 0.15 ಮಿ.ಗ್ರಾಂ. ಅಡ್ರಿನಲಿನ್. ಅಮೆರಿಕದ ಲೇಬಲ್ ಪ್ರಕಾರ ಇದು 15ರಿಂದ 30 ಕೆ.ಜಿ. ತೂಕದ ಮಕ್ಕಳಿಗೆ. ತೊಡಕು ಇಲ್ಲೇ ಶುರು. ಆಹಾರದ ಅಲರ್ಜಿ ಹೆಚ್ಚಾಗಿ ತಲೆಹಾಕುವುದು ಮೊದಲ ಎರಡು ವರ್ಷದೊಳಗೆ, ಆಗ ಮಗು 8ರಿಂದ 12 ಕೆ.ಜಿ. ಇರುತ್ತದೆ. ಡಾಕ್ಟರ್ ಯೋಚಿಸಿ ಇದನ್ನೇ ಬರೆದುಕೊಡುವುದುಂಟು. ಡೋಸ್ ತುಸು ಹೆಚ್ಚಾದರೂ ಪ್ರಾಣಾಪಾಯದ ಹೊತ್ತಿನಲ್ಲಿ ಔಷಧವೇ ಇಲ್ಲದಿರುವುದಕ್ಕಿಂತ ಅದು ವಾಸಿ. ಆದರೆ ತೆಳ್ಳಗಿನ ತೊಡೆಯಲ್ಲಿ ಸೂಜಿ ಮೂಳೆಗೆ ತಗಲುವ ಭಯ ಇದ್ದೇ ಇದೆ. ಅಮೆರಿಕದಲ್ಲಿರುವವರಿಗೆ 7.5ರಿಂದ 15 ಕೆ.ಜಿ.ಯವರಿಗೆಂದೇ ಮಾಡಿದ 0.1 ಮಿ.ಗ್ರಾಂ.ನ ಆವಿ-ಕ್ಯೂ ಇದೆ, ಅದರ ಸೂಜಿಯೂ ಗಿಡ್ಡ. ಎಳೆಮಕ್ಕಳಿಗೆ ಅದೇ ಮೇಲು.

ಬಳಸುವ ಕ್ರಮ ಸರಳ, ತಪ್ಪುವ ಜಾಗಗಳು ಮಾತ್ರ ಗೊತ್ತಿರಬೇಕು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿಯಿರಿ, ಕಿತ್ತಳೆ ತುದಿ ಕೆಳಗೆ. ತುದಿಯ ಮೇಲೆ ಹೆಬ್ಬೆರಳು ಇಡಲೇಬೇಡಿ. ತಲೆಕೆಳಗಾಗಿ ಹಿಡಿದರೆ ಔಷಧವೆಲ್ಲ ಹೆಬ್ಬೆರಳಿಗೇ ಹೋಗುತ್ತದೆ. ನೀಲಿ ಮುಚ್ಚಳವನ್ನು ಇನ್ನೊಂದು ಕೈಯಿಂದ ನೇರ ಮೇಲಕ್ಕೆ ಎಳೆಯಿರಿ. ಒಂದೇ ಕೈಯ ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿ ಹಾರಿಸಿದರೆ ಪೆನ್ ಗಾಳಿಯಲ್ಲೇ ಸಿಡಿದುಬಿಡಬಹುದು. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತ್ತು. ಕೆಲವು ಪೆನ್‌ಗಳು ತಾವು ಇರುವ ಪ್ಲಾಸ್ಟಿಕ್ ಕೊಳವೆಯಿಂದ ಸಲೀಸಾಗಿ ಜಾರಿ ಬರುವುದಿಲ್ಲ ಎಂಬುದೂ ಅದರಲ್ಲಿತ್ತು. ಹೊಸದು ಕೈಗೆ ಬಂದ ದಿನವೇ ಕೊಳವೆ ಬಗ್ಗಿಸಿ ನೋಡಿ, ಸಿಕ್ಕಿಕೊಂಡರೆ ಬದಲಿಸಿ ಕೇಳಿ.

ಚುಚ್ಚುವ ಜಾಗ ತೊಡೆಯ ಹೊರಮಗ್ಗುಲಿನ ನಡುಭಾಗ. ಬಟ್ಟೆ ಬಿಚ್ಚಬೇಕಿಲ್ಲ, ಜೇಬು ಮತ್ತು ದಪ್ಪ ಹೊಲಿಗೆ ಮಾತ್ರ ತಪ್ಪಿಸಿ. ಮಗುವನ್ನು ಮಡಿಲಲ್ಲಿ ಅವಚಿ, ಕಾಲನ್ನು ಅಲುಗದಂತೆ ಬಿಗಿಯಾಗಿ ಹಿಡಿದ ಮೇಲೆಯೇ ಒತ್ತಬೇಕು. ಕಾಲು ಝಾಡಿಸಿದರೆ ಸೂಜಿ ಚರ್ಮ ಸೀಳುತ್ತದೆ, ಬಾಗಿಯೂ ಹೋಗುತ್ತದೆ. 'ಕ್ಲಿಕ್' ಎಂದ ಮೇಲೆ 3 ಸೆಕೆಂಡ್ ಹಾಗೇ ಒತ್ತಿ ಹಿಡಿಯಿರಿ. ಹಳೆಯ ಲೇಬಲ್‌ಗಳಲ್ಲಿ 10 ಸೆಕೆಂಡ್ ಎಂದಿತ್ತು, ಬ್ರಿಟನ್ ಕಡೆಯ ಜೆಕ್ಸ್ಟ್ ಪೆನ್‌ಗೆ ಈಗಲೂ 10. ಎತ್ತಿದ ಕೂಡಲೇ ಕಿತ್ತಳೆ ಕವಚ ಉದ್ದವಾಗಿ ಸೂಜಿಯನ್ನು ಮುಚ್ಚಿಬಿಡುತ್ತದೆ. ಈ ಪೆನ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗ ಅದು: ಸೂಜಿ ಮುಂಚೆಯೂ ಕಾಣುವುದಿಲ್ಲ, ಆಮೇಲೆಯೂ ಕಾಣುವುದಿಲ್ಲ, ಔಷಧ ಹೋಯಿತೋ ಇಲ್ಲವೋ ಎಂಬ ಅನುಮಾನವೂ ಉಳಿಯುವುದಿಲ್ಲ.

ಆಮೇಲೆ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ. ಎತ್ತಿ ನಿಲ್ಲಿಸಬೇಡಿ, ನಡೆಸಬೇಡಿ. 108ಕ್ಕೆ ಫೋನ್ ಮಾಡಿ. 5 ನಿಮಿಷಕ್ಕೂ ತಹಬಂದಿಗೆ ಬರದಿದ್ದರೆ ಎರಡನೆಯ ಪೆನ್. ಸಿಟ್ರಿಜಿನ್ ಸಿರಪ್ ತುರಿಕೆ ಇಳಿಸುತ್ತದೆ, ಅಷ್ಟೇ. ಕಟ್ಟಿದ ಉಸಿರಿಗೂ ಕುಸಿದ ಬಿ.ಪಿ.ಗೂ ಅದು ಔಷಧವಲ್ಲ. ಸಿರಪ್ ಕುಡಿಸಿ ಕಾಯುತ್ತ ಕೂತ ಹೊತ್ತೇ ಮಗುವಿಗೆ ಅಪಾಯದ ಹೊತ್ತು.

ನಮ್ಮ ಊರುಗಳ ಮೆಡಿಕಲ್ ಶಾಪ್‌ಗಳಲ್ಲಿ ಈ ಪೆನ್ ಸುಲಭಕ್ಕೆ ಸಿಗುವುದಿಲ್ಲ. ಸ್ವಂತ ಬಳಕೆಗೆಂದು ಹೊರದೇಶದಿಂದ ತರಿಸುವವರು ಡಾಕ್ಟರ್ ಚೀಟಿಯೊಂದಿಗೆ ಫಾರಂ 12ಎ ಅರ್ಜಿ ಹಾಕಿ 12ಬಿ ಪರವಾನಗಿ ಪಡೆಯಬೇಕು. ಬೆಲೆಯೂ ಕಡಿಮೆಯಲ್ಲ. 2016ರಲ್ಲಿ ಅಮೆರಿಕದಲ್ಲಿ ಒಂದು ಜೋಡಿಯ ಬೆಲೆ 600 ಡಾಲರ್ ಮುಟ್ಟಿ ದೊಡ್ಡ ಗಲಾಟೆಯಾಗಿತ್ತು. ಹಾಗಾಗಿ ಇಲ್ಲಿ ಡಾಕ್ಟರುಗಳು ಅಡ್ರಿನಲಿನ್ ಆಂಪೂಲ್ (ಔಷಧದ ಪುಟ್ಟ ಗಾಜಿನ ಸೀಸೆ) ಮತ್ತು ಸಿರಿಂಜ್ ಇಟ್ಟುಕೊಳ್ಳಲು ಹೇಳುವುದುಂಟು. ಔಷಧ ಅದೇ, ಬೆಲೆ ತೀರಾ ಅಗ್ಗ, ಪ್ರತಿ ಕೆ.ಜಿ.ಗೆ 0.01 ಮಿ.ಗ್ರಾಂ.ನಂತೆ ಸರಿಯಾದ ಡೋಸನ್ನೂ ಕೊಡಬಹುದು. 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಆಂಪೂಲ್‌ನಿಂದ 12 ಕೆ.ಜಿ. ಮಗುವಿಗೆ 0.12 ಮಿ.ಲೀ. ಗಾಬರಿಯಲ್ಲಿ ಇಡೀ ಆಂಪೂಲ್ ಎಳೆದರೆ ಎಂಟು ಪಟ್ಟಿಗೂ ಹೆಚ್ಚಾಯಿತು. ಒಂದು ಗಾಳಿಗುಳ್ಳೆ ಉಳಿದರೂ ಇಷ್ಟು ಪುಟ್ಟ ಡೋಸ್‌ನಲ್ಲಿ ಕಡಿಮೆಯಾಯಿತು. ಕೆನಡಾದಲ್ಲಿ ಅಪ್ಪ-ಅಮ್ಮಂದಿರಿಂದ ಆಂಪೂಲ್‌ನ ಔಷಧ ಎಳೆಸಿ ನೋಡಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಿಗೆ ಸರಾಸರಿ 142 ಸೆಕೆಂಡ್ ಬೇಕಾಯಿತು.

ಅಜ್ಜಿಯ ಇನ್ಸುಲಿನ್ ಸಿರಿಂಜ್ ಇದೆಯಲ್ಲ ಎಂದು ಅದನ್ನೇ ಹಾಕಿಡಬೇಡಿ. ಕೆಂಪು ಮುಚ್ಚಳದ ಯು-40ರಲ್ಲಿ 1 ಮಿ.ಲೀ. ಎಂದರೆ 40 ಯೂನಿಟ್, ಕಿತ್ತಳೆ ಮುಚ್ಚಳದ ಯು-100ರಲ್ಲಿ 100, ಲೆಕ್ಕ ತಪ್ಪುವುದಕ್ಕೆ ಅಷ್ಟು ಸಾಕು. ಸೂಜಿಯೂ ಗಿಡ್ಡ, ಔಷಧ ಸ್ನಾಯುವಿಗೆ ಇಳಿಯದೆ ಚರ್ಮದಡಿಯೇ ನಿಲ್ಲಬಹುದು. ಬೇಕಾದದ್ದು 0.01 ಮಿ.ಲೀ. ಗೆರೆಗಳಿರುವ 1 ಮಿ.ಲೀ. ಟ್ಯೂಬರ್‌ಕ್ಯುಲಿನ್ ಸಿರಿಂಜ್. ಸೂಜಿಯ ಉದ್ದವನ್ನು ಡಾಕ್ಟರ್ ಬಳಿ ಬರೆಸಿಕೊಳ್ಳಿ, ಡೋಸಿನ ಗೆರೆಯನ್ನು ಅವರ ಎದುರಿಗೇ ಗುರುತು ಮಾಡಿಸಿಕೊಳ್ಳಿ.

ಈ ಲೆಕ್ಕ ಯಾವುದೂ ಬೇಡ ಎಂಬುದಕ್ಕೇ ಪೆನ್‌ಗೆ ದುಡ್ಡು ಕೊಡುವುದು. ಕೈಗೆ ಎಟುಕುವುದಾದರೆ ಕೊಳ್ಳಿ.

ಇಡುವ ವಿಷಯ: 20ರಿಂದ 25 ಡಿಗ್ರಿ ಸೆಲ್ಸಿಯಸ್ ತಕ್ಕದ್ದು, 15ರಿಂದ 30ರೊಳಗೆ ಸ್ವಲ್ಪ ಹೊತ್ತು ನಡೆಯುತ್ತದೆ. ಫ್ರಿಜ್ ಬೇಡ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಕಾರಿನಲ್ಲಂತೂ ಬಿಡಲೇಬಾರದು. ತಿಂಗಳಿಗೊಮ್ಮೆ ಪೆನ್‌ನಲ್ಲಿರುವ ಪುಟ್ಟ ಕಿಟಕಿಯಲ್ಲಿ ನೋಡಿ: ದ್ರಾವಣ ನೀರಿನಂತೆ ತಿಳಿಯಾಗಿರಬೇಕು, ಗುಲಾಬಿ ಅಥವಾ ಕಂದು ಬಣ್ಣ ತಿರುಗಿದರೆ ಹೊಸದು ಬೇಕು. ಜೋಡಿಯ ಜೊತೆ ಬರುವ ಸೂಜಿಯಿಲ್ಲದ ಟ್ರೇನರ್‌ನಿಂದ ಅಜ್ಜ, ಅಜ್ಜಿ, ಅಂಗನವಾಡಿ ಟೀಚರ್ ಎಲ್ಲರೂ ಕೈ ಪಳಗಿಸಿಕೊಳ್ಳಲಿ. ಒಂದು ಮನೆಗೆ, ಒಂದು ಶಾಲೆಗೆ ಎಂದು ಎರಡು ಪೆನ್‌ಗಳನ್ನು ಬೇರೆ ಮಾಡಬೇಡಿ. ಮಗು ಇರುವ ಕಡೆ ಎರಡೂ ಇರಬೇಕು, ಬೀಗ ಹಾಕಿದ ಬೀರುವಿನಲ್ಲಿ ಅಲ್ಲ.