ಪದ್ಮಿನಿಗೆ ಹಳೇ ಮೀಡಿಯಂ ವೇವ್ ರೇಡಿಯೋ: ಆರು ವರ್ಷ ಕೇಳಿದ ಮೇಲೆ

ಗಾಡಿ 1979ರ ಪ್ರೀಮಿಯರ್ ಪದ್ಮಿನಿ. ಅಪ್ಪನದ್ದು. 1974ರಲ್ಲೇ ಇದಕ್ಕೆ ಪದ್ಮಿನಿ ಅಂತ ಹೆಸರು ಬಂತು, ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಅದು ‘ಫಿಯೆಟ್’ ಮಾತ್ರ. ಅದರ ಮುಂದಿನ ಮಡ್‌ಗಾರ್ಡ್ ಮೇಲೆ ಒಂದು ಕಪ್ಪು ರಬ್ಬರ್ ಬಿರಡೆ ಇತ್ತು. ಚಿಕ್ಕಂದಿನಿಂದ ನೋಡಿದ್ದೆ, ಅದೇನು ಅಂತ ಯಾವತ್ತೂ ಕೇಳಿರಲಿಲ್ಲ. ಗಾಡಿಯನ್ನು ಪೇಂಟಿಗೆ ಬಿಟ್ಟಾಗ ಪೇಂಟರ್ “ಈ ತೂತು ಮುಚ್ಚಿಬಿಡ್ಲಾ ಸಾರ್?” ಅಂದ. ಪಕ್ಕದಲ್ಲಿದ್ದ ಅಪ್ಪ “ಬೇಡಪ್ಪಾ, ಅದು ಏರಿಯಲ್‌ದು” ಅಂದರು. ಕೊಂಡ ಹೊಸದರಲ್ಲಿ ಗಾಡಿಯಲ್ಲಿ ರೇಡಿಯೋ ಇತ್ತಂತೆ. ಮನೆ ಕಟ್ಟುವಾಗ ಕೈ ಬಿಗಿಯಾಗಿ ಮಾರಿದ್ದರಂತೆ. ಅವತ್ತೇ ತೀರ್ಮಾನ ಮಾಡಿದೆ, ಆ ತೂತಿಗೆ ಮತ್ತೆ ಏರಿಯಲ್ ಬರಬೇಕು ಅಂತ.

ಹೊಸ ಮ್ಯೂಸಿಕ್ ಸಿಸ್ಟಂ ಹಾಕಿಸಬಹುದಿತ್ತು. ಆದರೆ ಅದಕ್ಕೆ ಡ್ಯಾಶ್‌ಬೋರ್ಡ್ ತಗಡು ಕತ್ತರಿಸಬೇಕು, ಕತ್ತರಿಸಿದ್ದನ್ನು ಮತ್ತೆ ಕೂಡಿಸಲು ಆಗುವುದಿಲ್ಲ. ನಾನು ಹುಡುಕಿದ್ದು ಎಪ್ಪತ್ತರ ದಶಕದ ಟ್ರಾನ್ಸಿಸ್ಟರ್ ಸೆಟ್: ಎರಡು ನಾಬ್, ಮಧ್ಯೆ ಗಾಜಿನ ಡಯಲ್, ಕೆಳಗೆ ಐದು ಬಟನ್, ಮೀಡಿಯಂ ವೇವ್ ಮಾತ್ರ, ಎಫ್ಎಂ ಇಲ್ಲ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ 3,500 ರೂಪಾಯಿಗೆ ಸಿಕ್ಕಿತು. ನಾಬ್ ತಿರುಗುತ್ತಿತ್ತು, ಬಟನ್ ಒತ್ತಿದರೆ ಡಯಲ್ ಮುಳ್ಳು ಸರಿಯುತ್ತಿತ್ತು, ಒಳಗೆ ಯಾರೂ ಬೆಸುಗೆ ಹಾಕಿ ಕೆಡಿಸಿರಲಿಲ್ಲ. ಹಳೇ ಸೆಟ್ ಕೊಳ್ಳುವಾಗ ಈ ಮೂರನ್ನು ನೋಡಿದರೆ ಸಾಕು. ಹಾಡುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಬೋರ್ಡ್ ರಿಪೇರಿ ಆಗುತ್ತದೆ, ಮುರಿದ ಡಯಲ್ ಗಾಜು ಮತ್ತೆ ಸಿಗುವುದಿಲ್ಲ.

ತಂದ ಕೂಡಲೇ ಬ್ಯಾಟರಿಗೆ ಕೊಟ್ಟು ನೋಡುವ ಆಸೆ ಆಗುತ್ತದೆ. ದಯವಿಟ್ಟು ಮಾಡಬೇಡಿ. ಮೈಸೂರಿನಲ್ಲಿ ನಲವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರಿಗೆ ತೋರಿಸಿದಾಗ ಅವರ ಮೊದಲ ಮಾತೇ, “ಸ್ಪೀಕರ್ ಇಲ್ಲದೆ ಆನ್ ಮಾಡಿಲ್ಲ ತಾನೇ ಸ್ವಾಮಿ?” ಅಂತ. ಸ್ಪೀಕರ್ ಇಲ್ಲದೆ ಓಡಿಸಿದರೆ ಇಂಥ ಸೆಟ್‌ಗಳ ಔಟ್‌ಪುಟ್ ಟ್ರಾನ್ಸಿಸ್ಟರ್, ಅಂದರೆ ಸ್ಪೀಕರನ್ನು ಓಡಿಸುವ ಟ್ರಾನ್ಸಿಸ್ಟರ್, ಸುಟ್ಟುಹೋಗಬಹುದು. ನನ್ನ ಸೆಟ್‌ನಲ್ಲಿ ಅವು ಜರ್ಮೇನಿಯಂನವು, ಬಿಸಿ ತಡೆಯುವುದು ಕಡಿಮೆ. ಅವರು ಒಣಗಿಹೋಗಿದ್ದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳನ್ನೆಲ್ಲಾ ಬದಲಾಯಿಸಿದರು, ವಾಲ್ಯೂಮ್ ಕಂಟ್ರೋಲ್ ತೊಳೆದರು, 1,800 ತಗೊಂಡರು. ಆ ದುಡ್ಡಿಗೆ ಆ ಕೆಲಸ ಇವತ್ತು ಯಾರೂ ಮಾಡುವುದಿಲ್ಲ.

ಕೂರಿಸುವುದು ಸುಲಭವಾಯಿತು. ಪದ್ಮಿನಿಯಲ್ಲಿ ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ಡ್ಯಾಶ್ ಕೆಳಗೆ ಮಧ್ಯದಲ್ಲಿ ಜಾಗ ಖಾಲಿ. ಕಬ್ಬಿಣದ ಪಟ್ಟಿಯಲ್ಲಿ ನೇತುಹಾಕಿದೆ. ಸ್ಕ್ರೂಗೂ ಹಳೇ ತೂತುಗಳೇ ಆದವು. ಹಿಂದೆ ಇನ್ನೊಂದು ಆಸರೆ ಕೊಡಲೇಬೇಕು, ಇಲ್ಲದಿದ್ದರೆ ಒಂದೊಂದು ಹಂಪ್‌ಗೂ ಸೆಟ್ ತಲೆ ಅಲ್ಲಾಡಿಸುತ್ತದೆ. ವೈರಿಗೆ 2 ಆಂಪಿಯರ್ ಫ್ಯೂಸ್ ಹಾಕಿದೆ. ನಮ್ಮ ಗಾಡಿಯ ಬಾಡಿ ನೆಗೆಟಿವ್, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುತ್ತದೆ. ನಿಮ್ಮದು ಐವತ್ತರ ದಶಕದ ಮಾರಿಸ್ ಮೈನರ್ ಆಗಿದ್ದರೆ ಬಾಡಿ ಪಾಸಿಟಿವ್ ಇರುತ್ತದೆ. ಸೆಟ್ ಯಾವುದಕ್ಕೆ ಹೊಂದುತ್ತದೆ ಎಂದು ನೋಡದೆ ವೈರ್ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲಾ ಮಾಡಿ ಆನ್ ಮಾಡಿದೆ. ಬಂದದ್ದು ಇಂಜಿನ್ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಟಟಟಟ ಅಂತ ಏರುವ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ಯಾರೋ ಮಾತಾಡಿದ ಹಾಗೆ. ಇದನ್ನೇ ನಾನು ಒತ್ತಿ ಹೇಳಬೇಕಾದದ್ದು: ರೇಡಿಯೋ ತಂದು ಕೂರಿಸುವುದು ಕಾಲು ಭಾಗದ ಕೆಲಸ. ಗಾಡಿಯ ಗದ್ದಲ ಅಡಗಿಸುವುದು ಮುಕ್ಕಾಲು ಭಾಗ. ಎಷ್ಟೋ ಜನ ಇಲ್ಲಿಗೇ ಬೇಸತ್ತು, ಹಳೇ ರೇಡಿಯೋ ಅಂದರೆ ಇಷ್ಟೇ ಅಂತ ಬಿಚ್ಚಿ ಇಟ್ಟುಬಿಡುತ್ತಾರೆ. ತಪ್ಪು ರೇಡಿಯೋದ್ದಲ್ಲ.

ಮೊದಲು ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡಬೇಕು. ಇಂಜಿನ್ ಓಡುತ್ತಿರುವಾಗಲೇ ರೇಡಿಯೋ ಹಿಂದಿನ ಏರಿಯಲ್ ಪ್ಲಗ್ ಕಿತ್ತು ನೋಡಿ. ಸದ್ದು ನಿಂತರೆ ಅದು ಏರಿಯಲ್‌ನಿಂದ ಬರುತ್ತಿದೆ, ನಿಲ್ಲದಿದ್ದರೆ ಬ್ಯಾಟರಿ ವೈರಿನಿಂದ. ನನಗೆ ಎರಡೂ ಇತ್ತು. ಇಗ್ನಿಷನ್ ಕಾಯಿಲ್‌ಗೆ ಗದ್ದಲ ಅಡಗಿಸಲು 1 ಮೈಕ್ರೋಫ್ಯಾರಡ್ ಕಂಡೆನ್ಸರ್ ಹಾಕಿದೆ, ಸ್ವಿಚ್ ಕಡೆಯ ವೈರ್ ಬರುವ ಟರ್ಮಿನಲ್‌ಗೆ. ಡಿಸ್ಟ್ರಿಬ್ಯೂಟರ್ ಕಡೆಗೆ ಹಾಕಿದರೆ ಸ್ಪಾರ್ಕ್ ಸೊರಗುತ್ತದೆ, ಗಾಡಿ ಎಳೆಯುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ದಪ್ಪ ವೈರಿಗೆ ಇನ್ನೊಂದು, ಅದರ ಫೀಲ್ಡ್ ಟರ್ಮಿನಲ್‌ಗೆ ಮಾತ್ರ ಕೈ ಹಚ್ಚಬಾರದು. ಸ್ಪಾರ್ಕ್ ಪ್ಲಗ್‌ಗಳಿಗೆ ರೆಸಿಸ್ಟರ್ ಇರುವ ಕ್ಯಾಪ್. ಬಾನೆಟ್‌ಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ. ಒಂದೊಂದು ಹಾಕಿದಾಗಲೂ ಗದ್ದಲ ಒಂದು ಪದರ ಕಳಚಿದ ಹಾಗೆ ಆಗುತ್ತಿತ್ತು. ಮೂರು ಭಾನುವಾರ ಹಿಡಿಯಿತು.

ಆದರೂ ಸ್ಟೇಷನ್ ಮಾತ್ರ ಸಣ್ಣಗೇ ಬರುತ್ತಿತ್ತು. ಇದರ ಕಾರಣ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಏರಿಯಲ್ ಹಾಕಿಕೊಟ್ಟ ಅಂಗಡಿಯವರು ಕೇಬಲ್ ಉದ್ದ ಸಾಲದೆ ಟಿವಿ ಕೇಬಲ್ ತುಂಡು ಜೋಡಿಸಿದ್ದರು. ನೋಡಲು ಎರಡೂ ಒಂದೇ ಥರ ಅಲ್ವಾ, ಆದರೆ ಕಾರ್ ಏರಿಯಲ್‌ನ ಕೇಬಲ್ ಬೇರೆ, ಅದರ ಕೆಪಾಸಿಟೆನ್ಸ್ ಕಡಿಮೆ. ಟಿವಿ ಕೇಬಲ್‌ನಲ್ಲಿ ಮೀಡಿಯಂ ವೇವ್ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. ಸರಿಯಾದ ಕೇಬಲ್ ಹಾಕಿ, ಮಡ್‌ಗಾರ್ಡ್ ಒಳಗಡೆ ಏರಿಯಲ್ ಬುಡಕ್ಕೆ ಹೊಸ ಪೇಂಟ್ ಕೆರೆದು ತಗಡಿಗೆ ತಾಗಿಸಿ ಅರ್ಥ್ ಕೊಟ್ಟ ಮೇಲೆ ಬೇರೆ ರೇಡಿಯೋ ಆಯಿತು. ಕೊನೆಯದಾಗಿ ಏರಿಯಲ್ ಟ್ರಿಮ್ಮರ್, ಅಂದರೆ ಸೆಟ್ಟನ್ನು ಏರಿಯಲ್‌ಗೆ ಹೊಂದಿಸುವ ಸ್ಕ್ರೂ: ಏರಿಯಲ್ ಕಡ್ಡಿ ಪೂರ್ತಿ ಎಳೆದು, 1400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕ್ಷೀಣವಾಗಿ ಬರುವ ಏನನ್ನಾದರೂ ಹಿಡಿದು, ಆ ಪುಟ್ಟ ಸ್ಕ್ರೂ ತಿರುಗಿಸುತ್ತಾ ಸದ್ದು ಅತಿ ಜಾಸ್ತಿ ಆಗುವ ಕಡೆ ಬಿಡಬೇಕು. ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಸ್ಪೀಕರ್ ವಿಷಯ ಚಿಕ್ಕದು. ಈ ಸೆಟ್ ಕೊಡುವುದು ನಾಲ್ಕೈದು ವಾಟ್. ಇವತ್ತಿನ ದಪ್ಪ ಮ್ಯಾಗ್ನೆಟ್ಟಿನ ಕಾರ್ ಸ್ಪೀಕರ್‌ಗಳು ಹೆಚ್ಚಿನವು ಅಷ್ಟಕ್ಕೆ ಬಾಯಿ ಬಿಡುವುದಿಲ್ಲ. ಹಳೇ ಪೇಪರ್ ಕೋನ್‌ನ 4 ಓಮ್ ಸ್ಪೀಕರ್ ಒಂದನ್ನು ಹಿಂದಿನ ಗಾಜಿನ ಕೆಳಗೆ ಇಟ್ಟೆ. ಮನುಷ್ಯರ ದನಿ ಅದರಲ್ಲಿ ತುಂಬಾ ಚೆನ್ನಾಗಿ ಬರುತ್ತದೆ.

ಈಗ ಏನು ಬರುತ್ತದೆ ಎನ್ನುವ ಪ್ರಶ್ನೆ. ಇದು ಮುಖ್ಯ. ಆಕಾಶವಾಣಿ ದೇಶದಲ್ಲಿ ಎಷ್ಟೋ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿದೆ. ‘ಆಕಾಶವಾಣಿ’ ಅನ್ನುವ ಹೆಸರು ಹುಟ್ಟಿದ್ದೇ ನಮ್ಮ ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಲ್ಲೇ ಶುರು ಮಾಡಿದ ಕೇಂದ್ರದಿಂದ. ಆದರೆ ಇಂದು ಮೈಸೂರು ಆಕಾಶವಾಣಿ ಕೇಳಬೇಕಾದರೆ 100.6 ಎಫ್ಎಂ, ಅದು ನನ್ನ ಸೆಟ್‌ನಲ್ಲಿ ಬರುವುದಿಲ್ಲ. ನನಗೆ ಬರುವುದು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್. ಹಗಲಲ್ಲಿ ಮೈಸೂರಿನಲ್ಲೇ ಚೆನ್ನಾಗಿ ಸಿಗುತ್ತದೆ, ಮದ್ದೂರು ದಾಟಿದರಂತೂ ಮನೆಯಲ್ಲಿ ಕೂತು ಕೇಳಿದ ಹಾಗೆ. ಹುಬ್ಬಳ್ಳಿ ಕಡೆ ಹೋದಾಗ ಚಿತ್ರದುರ್ಗದ ಆಚೆ 612 ಸಣ್ಣಗಾಗುತ್ತಾ ಹೋಗಿ, ಧಾರವಾಡದ 765 ಮೇಲೇಳುತ್ತಾ ಬರುತ್ತದೆ. ಮಾತಿನ ಧಾಟಿ ಕೂಡ ಬದಲಾಗುತ್ತದೆ. ಊರು ಬದಲಾಗಿದ್ದು ಬೋರ್ಡ್ ನೋಡುವ ಮೊದಲೇ ಕಿವಿಗೆ ಗೊತ್ತಾಗುವ ಸುಖ ನನಗೆ ಫೋನಿನ ಹಾಡುಗಳಲ್ಲಿ ಸಿಕ್ಕಿಲ್ಲ. ನೀವು ಸೆಟ್ ಕೊಳ್ಳುವ ಮೊದಲು ಒಂದು ಸಣ್ಣ ಪಾಕೆಟ್ ರೇಡಿಯೋ ಹಿಡಿದು ನಿಮ್ಮೂರಿನಲ್ಲಿ ಮೀಡಿಯಂ ವೇವ್ ಏನು ಬರುತ್ತದೆ ನೋಡಿ. ಏನೂ ಬಾರದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಆರು ವರ್ಷದಲ್ಲಿ ಕೆಟ್ಟದ್ದು ಎರಡು. ಎರಡನೇ ಮಳೆಗಾಲಕ್ಕೆ ಏರಿಯಲ್ ಬುಡದಲ್ಲಿ ತುಕ್ಕು ಹಿಡಿದು ಕರಕರ ಶುರುವಾಯಿತು. ಮತ್ತೆ ಕೆರೆದು ಗ್ರೀಸ್ ಮೆತ್ತಿದೆ, ಈಗ ಪ್ರತಿ ಮೇ ತಿಂಗಳಲ್ಲಿ ಅದೊಂದು ಕೆಲಸ. ನಾಲ್ಕನೇ ವರ್ಷ ಬೇಸಿಗೆ ಮಧ್ಯಾಹ್ನಗಳಲ್ಲಿ ದನಿ ಒಡೆಯತೊಡಗಿತು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಸೋರುತ್ತಿತ್ತು. ಅದೇ ಹಿರಿಯರು ತಮ್ಮ ಹಳೇ ಡಬ್ಬಿಯಿಂದ ಒಂದು ಜೋಡಿ ಹುಡುಕಿ ಹಾಕಿಕೊಟ್ಟರು. ಇದು ಬಿಟ್ಟರೆ ಫೋನ್ ಚಾರ್ಜರ್ ಸಿಕ್ಕಿಸಿದರೆ ಗುಂಯ್ ಅನ್ನುತ್ತದೆ, ಹೈಟೆನ್ಷನ್ ಲೈನ್ ಕೆಳಗೆ, ಸಿಗ್ನಲ್‌ನಲ್ಲಿ ಆಟೋ ಪಕ್ಕ ನಿಂತಾಗ ಟರ್ರ್ ಅನ್ನುತ್ತದೆ. ಅಂಡರ್‌ಪಾಸ್‌ನಲ್ಲಿ ಮಾಯ. ಗುಡುಗು ಮಳೆ ಬರುವ ಮುಂಚೆ ಸಿಡಿಸಿಡಿ ಸದ್ದು ಕೇಳುತ್ತದೆ, ಕಿಟಕಿ ಗಾಜು ಏರಿಸಲು ನನಗೆ ಅದೇ ಸೂಚನೆ.

ಕೆಲವರು ಈ ಸೆಟ್‌ಗಳ ಒಳಭಾಗ ಕಿತ್ತು ಬ್ಲೂಟೂತ್ ಬೋರ್ಡ್ ಹಾಕಿಸುತ್ತಾರೆ. ಗಾಡಿ ಅವರದ್ದು, ಇಷ್ಟ ಅವರದ್ದು. ಆದರೆ ಕೆಲಸ ಮಾಡುವ ಸೆಟ್‌ಗೆ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೋರ್ಡ್ ಸತ್ತಿರುವ ಸೆಟ್‌ಗಳು ಬೇಕಾದಷ್ಟು ಸಿಗುತ್ತವೆ, ಅದರಲ್ಲಿ ಮಾಡಿಸಿ.

ಬಟನ್‌ಗೆ ಸ್ಟೇಷನ್ ಕೂರಿಸುವುದು ಹೇಗೆಂದು ಬಹಳ ಜನ ಕೇಳುತ್ತಾರೆ. ಬಟನ್ ಹೊರಗೆಳೆಯಿರಿ, ನಾಬ್‌ನಿಂದ ಸ್ಟೇಷನ್ ಹಿಡಿಯಿರಿ, ಬಟನ್ ಜೋರಾಗಿ ಒಳಗೊತ್ತಿ. ಅಷ್ಟೇ. ನನ್ನ ಸೆಟ್‌ನ ಮೊದಲ ಬಟನ್‌ಗೆ 612 ಕೂರಿಸಿದ್ದು ಅಪ್ಪ. ಅವರಿಗೆ ಎಂಬತ್ತೆರಡು. ಪ್ರದೇಶ ಸಮಾಚಾರದ ಹೊತ್ತಿಗೆ ಗಾಡಿ ಶೆಡ್‌ನಲ್ಲೇ ನಿಂತಿದ್ದರೂ ಮುಂದಿನ ಸೀಟಿನಲ್ಲಿ ಹೋಗಿ ಕೂರುತ್ತಾರೆ, ಬಾಗಿಲು ತೆರೆದಿಟ್ಟುಕೊಂಡು.